ಗುನ್ನಾ ನಂಬ್ರದಿಂದ ಡಿಕ್ರಿಯವರೆಗೆ: ಪೊಲೀಸ್, ಕೋರ್ಟ್ ಕಾಗದ ಪಡೆಯುವುದು ಹೇಗೆ?

ಪ್ರಶ್ನೆ: ತಮ್ಮನಿಗೆ ಹೆದ್ದಾರಿ 66ರಲ್ಲಿ ಬೈಕ್ ಅಪಘಾತವಾಗಿ ಎರಡು ತಿಂಗಳಾಯಿತು. ಪರಿಹಾರದ ಅರ್ಜಿಗೆ ವಕೀಲರು ಎಫ್‌ಐಆರ್, ಪಂಚನಾಮೆ, ಗಾಯದ ಪ್ರಮಾಣಪತ್ರ ಕೇಳಿದ್ದಾರೆ. ಠಾಣೆಯಲ್ಲಿ ‘ಕೋರ್ಟಿನಲ್ಲಿ ತಗೊಳ್ಳಿ’ ಎನ್ನುತ್ತಾರೆ, ಕೋರ್ಟಿನಲ್ಲಿ ‘ಇನ್ನೂ ಬಂದಿಲ್ಲ’ ಎನ್ನುತ್ತಾರೆ. — ಅಂಕೋಲಾ

ಇಬ್ಬರು ಹೇಳುವುದರಲ್ಲೂ ಅರ್ಧ ಸತ್ಯವಿದೆ. ಎಫ್‌ಐಆರ್ ದಾಖಲಾದ ಕೂಡಲೇ ಅದರ ಒಂದು ಪ್ರತಿ ಮ್ಯಾಜಿಸ್ಟ್ರೇಟರಿಗೆ ಹೋಗುತ್ತದೆ. ಪಂಚನಾಮೆ, ಸ್ಥಳದ ನಕ್ಷೆ, ವಾಹನ ತಪಾಸಣಾ ವರದಿ, ಗಾಯದ ಪ್ರಮಾಣಪತ್ರಗಳು ದೋಷಾರೋಪಣ ಪಟ್ಟಿ ಸಲ್ಲಿಕೆಯಾಗುವವರೆಗೆ ತನಿಖಾಧಿಕಾರಿಯ ಕಡತದಲ್ಲೇ ಇರುತ್ತವೆ. ಹಾಗಾಗಿ ಒಂದೇ ಅರ್ಜಿಯಲ್ಲಿ ಎಲ್ಲವನ್ನೂ ಒಂದೇ ಕಡೆ ಕೇಳಿದರೆ ಸಿಗುವುದಿಲ್ಲ.

ಮೊದಲು ಎಫ್‌ಐಆರ್. ದೂರು ಕೊಟ್ಟವರಿಗೆ ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(2)ನೇ ಕಲಂ ಇದನ್ನೇ ಹೇಳುತ್ತದೆ. ದೂರು ಬೇರೆಯವರದ್ದಾಗಿದ್ದರೆ ರಾಜ್ಯ ಪೊಲೀಸ್ ಜಾಲತಾಣದಲ್ಲಿ ಜಿಲ್ಲೆ, ಠಾಣೆ, ಗುನ್ನಾ ನಂಬ್ರ (ಠಾಣೆ ಕೊಡುವ ಎಫ್‌ಐಆರ್ ಸಂಖ್ಯೆ), ವರ್ಷ ಹಾಕಿ ಇಳಿಸಿಕೊಳ್ಳಿ. ಎಫ್‌ಐಆರ್ ಅನ್ನು 24 ಗಂಟೆಯೊಳಗೆ, ಸಂಪರ್ಕ ಕಷ್ಟವಿರುವ ಕಡೆ ಹೆಚ್ಚೆಂದರೆ 72 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ. ಲೈಂಗಿಕ ಅಪರಾಧ, ಪೋಕ್ಸೋದಂಥ ಸೂಕ್ಷ್ಮ ಪ್ರಕರಣಗಳಿಗೆ ಇದು ಅನ್ವಯಿಸದು. ಹುಡುಕಿದಾಗ ‘ದಾಖಲೆ ಇಲ್ಲ’ ಎಂದು ಬಂದರೆ ಸಾಮಾನ್ಯವಾಗಿ ಠಾಣೆ ತಪ್ಪಿರುತ್ತದೆ. ಗಡಿ ಭಾಗದ ಅಪಘಾತ ಪಕ್ಕದ ಠಾಣೆಯಲ್ಲಿ ದಾಖಲಾಗಿರಬಹುದು. ಕಾರವಾರದಲ್ಲಿ ಸಂಚಾರ ಠಾಣೆಯೇ ಬೇರೆ.

ಗಾಯದ ಪ್ರಮಾಣಪತ್ರದಲ್ಲೇ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಹೆಚ್ಚು ಸೋಲುತ್ತಾರೆ. ಗಾಯಾಳುವನ್ನು ಮೊದಲು ತಾಲ್ಲೂಕು ಆಸ್ಪತ್ರೆಗೆ ಒಯ್ಯುತ್ತಾರೆ, ಅಲ್ಲಿಂದ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಕಳಿಸುತ್ತಾರೆ. ಆಗ ಪ್ರಮಾಣಪತ್ರ ಎರಡಾಗುತ್ತದೆ. ಕಡತಕ್ಕೆ ತಾಲ್ಲೂಕು ಆಸ್ಪತ್ರೆಯದ್ದೊಂದೇ ಸೇರಿದರೆ, ಮುಂದೆ ಸ್ಕ್ಯಾನ್‌ನಲ್ಲಿ ಕಂಡ ಮೂಳೆ ಮುರಿತ ಪೊಲೀಸ್ ದಾಖಲೆಗೆ ಬರುವುದೇ ಇಲ್ಲ, ಗಾಯ ‘ಸಾದಾ’ ಎಂದು ಉಳಿದುಬಿಡುತ್ತದೆ. ಎರಡನೇ ಆಸ್ಪತ್ರೆಗೂ ಲಿಖಿತ ಕೋರಿಕೆ ಕಳಿಸುವಂತೆ ತನಿಖಾಧಿಕಾರಿಗೆ ಬರೆದು ಕೊಡಿ. ಒಳರೋಗಿ ಸಂಖ್ಯೆ, ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕ ಅದರಲ್ಲಿರಲಿ. ಬಾಯಲ್ಲಿ ಹೇಳಿ ಬರಬೇಡಿ. ನಿಮ್ಮ ಪ್ರತಿಯ ಮೇಲೆ ಠಾಣೆಯ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ.

2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರ ಮೋಟಾರು ವಾಹನ ನಿಯಮದಂತೆ ತನಿಖಾಧಿಕಾರಿ ಅಪಘಾತದ ಮೊದಲ ವರದಿಯನ್ನು ನಮೂನೆ 1ರಲ್ಲಿ 48 ಗಂಟೆಯೊಳಗೆ, ಮಧ್ಯಂತರ ವರದಿಯನ್ನು ನಮೂನೆ 5ರಲ್ಲಿ 50 ದಿನದೊಳಗೆ, ವಿಸ್ತೃತ ವರದಿಯನ್ನು ನಮೂನೆ 7ರಲ್ಲಿ 90 ದಿನದೊಳಗೆ ಕೊಡಬೇಕು. ನಿಮಗೆ ಎರಡು ತಿಂಗಳಾಗಿದೆ ಎಂದರೆ ಮೊದಲ ಎರಡು ವರದಿ ಈಗಾಗಲೇ ಸಿದ್ಧವಿರಬೇಕು. ‘ಎಲ್ಲ ದಾಖಲೆ ಕೊಡಿ’ ಎನ್ನಬೇಡಿ, ನಮೂನೆಯ ಸಂಖ್ಯೆ ಹೇಳಿ ಕೇಳಿ. ಪರಿಹಾರದ ಅರ್ಜಿಗೆ ಮೋಟಾರು ವಾಹನ ಕಾಯ್ದೆಯಲ್ಲಿ ಆರು ತಿಂಗಳ ಮಿತಿ ಬರೆದಿದೆ. ದೋಷಾರೋಪಣ ಪಟ್ಟಿಗಾಗಿ ಕಾಯುತ್ತ ಕೂರದೆ ಕೈಯಲ್ಲಿರುವ ಕಾಗದದಿಂದಲೇ ಅರ್ಜಿ ಹಾಕಿ, ಉಳಿದದ್ದನ್ನು ಆಮೇಲೆ ಸೇರಿಸಬಹುದು.

ದೋಷಾರೋಪಣ ಪಟ್ಟಿ ಕೋರ್ಟಿಗೆ ಸೇರಿ ಸಿ.ಸಿ. ನಂಬರ್ (ಕೋರ್ಟು ಕೊಡುವ ಕ್ರಿಮಿನಲ್ ಕೇಸಿನ ಸಂಖ್ಯೆ) ಬಿದ್ದ ಮೇಲೆ ನಕಲು ಕೇಳಬೇಕಾದದ್ದು ಕೋರ್ಟನ್ನೇ. ಇ-ಕೋರ್ಟ್ಸ್ ಆ್ಯಪಿನಲ್ಲಿ ಎಫ್‌ಐಆರ್ ನಂಬರಿನಿಂದಲೂ ಹುಡುಕಬಹುದು. ಸಿಗುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ನಮ್ಮ ಜಿಲ್ಲೆಯದ್ದು ‘ಕೆಎಯುಕೆ’ ಎಂದು ಶುರುವಾಗುತ್ತದೆ. ಕೇಸು ಬೇರೆ ನ್ಯಾಯಾಲಯಕ್ಕೆ ವರ್ಗವಾದರೆ ಅದನ್ನು ಹಿಂಬಾಲಿಸಲು ಇದೇ ದಾರಿ.

ಪ್ರಶ್ನೆ: ಅಪ್ಪ ಮೀನುಗಾರಿಕೆಗೆ ಹೋಗಿ ಮುಳುಗಿ ತೀರಿಕೊಂಡರು. ಠಾಣೆಯಲ್ಲಿ ಯುಡಿಆರ್ ಆಗಿದೆ. ಕೋರ್ಟಿನಲ್ಲಿ ವಿಚಾರಿಸಿದರೆ ಅಂಥ ಕೇಸೇ ಇಲ್ಲ ಎನ್ನುತ್ತಾರೆ. — ಹೊನ್ನಾವರ

ಕೋರ್ಟಿನವರು ಹೇಳಿದ್ದು ಸರಿ. ಅಸಹಜ ಸಾವಿನ ವರದಿ, ಅಂದರೆ ಯುಡಿಆರ್, ಅಪರಾಧ ಪ್ರಕರಣವಲ್ಲ. ಅದರ ಕಾಗದ ಹೋಗುವುದು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ, ಅಂದರೆ ಕಂದಾಯ ಇಲಾಖೆಗೆ: ತಹಶೀಲ್ದಾರರ ಅಥವಾ ಉಪವಿಭಾಗಾಧಿಕಾರಿಗಳ ಕಚೇರಿಗೆ. ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಪ್ರಕಾರ ಶವ ಪಂಚನಾಮೆಯ ವರದಿ 24 ಗಂಟೆಯೊಳಗೆ ಜಿಲ್ಲಾ ಅಥವಾ ಉಪವಿಭಾಗ ಮ್ಯಾಜಿಸ್ಟ್ರೇಟರಿಗೆ ತಲುಪಬೇಕು. ಠಾಣೆಯಲ್ಲಿ ಸಿಗದ ಪ್ರತಿಯನ್ನು ಅಲ್ಲಿ ಯುಡಿಆರ್ ಸಂಖ್ಯೆ ಹಾಕಿ ಕೇಳಿ.

ವಿಮೆಗೂ ಸರ್ಕಾರದ ಪರಿಹಾರಕ್ಕೂ ಬೇಕಾಗುವುದು ಮುಖ್ಯವಾಗಿ ನಾಲ್ಕು: ಯುಡಿಆರ್ ಪ್ರತಿ, ಶವ ಪಂಚನಾಮೆ, ಮರಣೋತ್ತರ ಪರೀಕ್ಷಾ ವರದಿ, ಅಂತಿಮ ವರದಿ. ತಡವಾಗುವುದು ಕೊನೆಯದ್ದು. ವೈದ್ಯರು ಒಳಾಂಗದ ಮಾದರಿಯನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿ ‘ಅಭಿಪ್ರಾಯ ಕಾಯ್ದಿರಿಸಿದೆ’ ಎಂದು ಬರೆದಿದ್ದರೆ, ಆ ವರದಿ ಬರುವವರೆಗೆ ಸಾವಿನ ಕಾರಣ ಖಾಲಿ ಇರುತ್ತದೆ. ವಿಮಾ ಕಂಪನಿ ಅರ್ಜಿಯನ್ನು ತಳ್ಳಿಹಾಕದಂತೆ, ‘ಪ್ರಯೋಗಾಲಯದ ವರದಿ ಬಾಕಿ ಇದೆ’ ಎಂಬ ಹಿಂಬರಹವನ್ನು (ಲಿಖಿತ ಉತ್ತರವನ್ನು) ಠಾಣೆಯಿಂದ ಪಡೆದು ಅರ್ಜಿಯ ಜೊತೆಗಿಡಿ.

ಇನ್ನೊಂದು ತೊಡಕು ಹೆಸರಿನದು. ದುಃಖದ ಹೊತ್ತಿನಲ್ಲಿ ಯಾರೋ ಸಂಬಂಧಿಕರು ದೂರು ಕೊಟ್ಟಿರುತ್ತಾರೆ. ಊರಲ್ಲಿ ಕರೆಯುವ ಹೆಸರು ಯುಡಿಆರ್‌ನಲ್ಲಿ, ಪೂರ್ಣ ಹೆಸರು ಆಧಾರಿನಲ್ಲಿ, ಅಡ್ಡಹೆಸರು ಸೇರಿದ್ದು ಮೀನುಗಾರರ ಗುರುತಿನ ಚೀಟಿಯಲ್ಲಿ. ದಾಖಲಾದ ದೂರನ್ನು ತಿದ್ದುವಂತಿಲ್ಲ. ‘ಈ ಎರಡೂ ಹೆಸರು ಒಬ್ಬರದ್ದೇ’ ಎಂದು ಪೂರಕ ಹೇಳಿಕೆ ಕೊಟ್ಟು, ಅಂತಿಮ ವರದಿಯಲ್ಲಿ ಎರಡೂ ಹೆಸರು ಬರುವಂತೆ ನೋಡಿಕೊಳ್ಳಿ. ಅಂತಿಮ ವರದಿ ಹೋದ ಮೇಲೆ ಇದೇ ಕೆಲಸ ಬಹಳ ಕಠಿಣ. ಮನೆಯ ಯಜಮಾನನನ್ನು ಕಳೆದುಕೊಂಡ ಕುಟುಂಬ ಒಂದು ಅಕ್ಷರದ ವ್ಯತ್ಯಾಸಕ್ಕೆ ವರ್ಷಗಟ್ಟಲೆ ಅಲೆಯಬಾರದು. ಇದನ್ನು ಮೊದಲ ವಾರದಲ್ಲೇ ಮಾಡಿ.

ಪ್ರಶ್ನೆ: ಅಜ್ಜನ ಕಾಲದ ಪಾಲುಪಟ್ಟಿ ದಾವೆಯ ಡಿಕ್ರಿ ಬೇಕು. 1950ರ ಆಸುಪಾಸಿನದು. ನಂಬರ್ ಗೊತ್ತಿಲ್ಲ. — ಶಿರಸಿ

ಹೆಸರು ಹೇಳಿ ಹುಡುಕಿಸಬಹುದು ಎಂದು ರೆಕಾರ್ಡ್ ರೂಮಿಗೆ ಹೋಗಬೇಡಿ. ಅಷ್ಟು ಹಳೆಯ ದಾವೆಗಳು ಸಾಮಾನ್ಯವಾಗಿ ಇ-ಕೋರ್ಟ್ಸ್‌ನಲ್ಲೂ ಸಿಗುವುದಿಲ್ಲ. ನಂಬರ್ ಹುಡುಕಬೇಕಾದದ್ದು ತಾಲ್ಲೂಕು ಕಚೇರಿಯಲ್ಲಿ. ಡಿಕ್ರಿಯಂತೆ ಜಮೀನು ಹಂಚಿಕೆಯಾಗಿದ್ದರೆ ಆ ಸರ್ವೆ ನಂಬರಿನ ಹಳೆಯ ಮ್ಯುಟೇಶನ್ ಎಂಟ್ರಿಯಲ್ಲಿ ‘ಇಂಥ ಕೋರ್ಟಿನ ಇಂಥ ದಾವಾ ನಂಬ್ರದ ಡಿಕ್ರಿಯಂತೆ’ ಎಂಬ ಸಾಲು ಇರುತ್ತದೆ. ಇಂದಿನ ಪಹಣಿಯಿಂದ ಒಂದೊಂದೇ ಎಂಟ್ರಿ ಹಿಂದಕ್ಕೆ ಹೋಗಿ. ಭೂ ಸುರಕ್ಷಾ ಯೋಜನೆಯಲ್ಲಿ ಹಳೆಯ ಕಂದಾಯ ಕಡತಗಳ ಸ್ಕ್ಯಾನ್ ನಡೆದಿರುವುದರಿಂದ ಈ ಕೆಲಸ ಮೊದಲಿಗಿಂತ ಸುಲಭ. ಹಳೆಯ ಕಾಗದದಲ್ಲಿ ಕಾಣುವ ದರ್ಖಾಸ್ತು ನಂಬರನ್ನು ದಾವಾ ನಂಬರ್ ಎಂದು ಅರ್ಜಿಯಲ್ಲಿ ಬರೆಯಬೇಡಿ. ಮುಂಬೈ ಪ್ರಾಂತದ ಕೋರ್ಟುಗಳಲ್ಲಿ ಅದು ಡಿಕ್ರಿ ಜಾರಿಯ ನಂಬರ್.

ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಸೇರಿ, 1956ರವರೆಗೆ ಅಲ್ಲೇ ಇತ್ತು. ಆ ಕಾಲದ ಮೊದಲ ಮೇಲ್ಮನವಿ ಕಾರವಾರದ ಜಿಲ್ಲಾ ಕೋರ್ಟಿನಲ್ಲಿ ನಡೆದಿದ್ದರೆ, ಅದರ ಮೇಲಿನದ್ದು ಬಾಂಬೆ ಹೈಕೋರ್ಟಿನಲ್ಲಿ. ಧಾರವಾಡ ಪೀಠದಲ್ಲಿ ಹುಡುಕಿ ಫಲವಿಲ್ಲ. ಅದು ಶುರುವಾದದ್ದೇ 2008ರಲ್ಲಿ.

ಕಡತದ ಎಲ್ಲ ಭಾಗವೂ ಉಳಿದಿರುವುದಿಲ್ಲ. ಅವಧಿ ಮುಗಿದ ಮೇಲೆ ಸಾಕ್ಷಿ ಹೇಳಿಕೆ, ಮಧ್ಯಂತರ ಅರ್ಜಿಗಳನ್ನು ನಾಶ ಮಾಡುತ್ತಾರೆ. ತೀರ್ಪು, ಡಿಕ್ರಿ ಹೆಚ್ಚು ಕಾಲ ಉಳಿಯುತ್ತವೆ. ಅವೂ ಇಲ್ಲವೆಂದರೆ ‘ಲಭ್ಯವಿಲ್ಲ’ ಎಂಬ ಹಿಂಬರಹವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಜೊತೆಗೆ ದಾವಾ ರಿಜಿಸ್ಟರಿನ ದೃಢೀಕೃತ ಉದ್ಧೃತ ಕೇಳಿ. ಮೂಲ ಇಲ್ಲದಾಗ ಮನೆಯಲ್ಲಿರುವ ಹಳೆಯ ಪ್ರತಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಆ ಹಿಂಬರಹವೇ ಆಧಾರ. ಅಂದಹಾಗೆ, ನಿಮ್ಮದು ಗೇಣಿ ವಿಷಯವಾಗಿದ್ದರೆ ದಾರಿಯೇ ಬೇರೆ. ಭೂ ಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರದ ನಮೂನೆ 7ರ ಅರ್ಜಿಗಳನ್ನು ತೀರ್ಮಾನಿಸಿದ್ದು ಭೂ ನ್ಯಾಯಮಂಡಳಿ, ಆ ಕಡತ ಇರುವುದು ತಾಲ್ಲೂಕು ಕಚೇರಿಯಲ್ಲಿ.

ನಕಲು ಅರ್ಜಿ ಹಾಕಿದ ಮೇಲೆ ಕೋರ್ಟಿನ ನೋಟಿಸ್ ಬೋರ್ಡ್ ನೋಡುತ್ತಿರಿ. ನಕಲು ಶುಲ್ಕ ಎಷ್ಟೆಂದು ಅಲ್ಲಿ ಪ್ರಕಟಿಸಿ ಕಟ್ಟಲು ಕರೆಯುತ್ತಾರೆ, ಗಡುವಿನೊಳಗೆ ಕಟ್ಟದಿದ್ದರೆ ಅರ್ಜಿ ವಜಾ ಆಗುತ್ತದೆ. ಕೈಗೆ ಬಂದ ದೃಢೀಕೃತ ನಕಲಿನಲ್ಲಿ ಒಂದು ಮುದ್ರೆ ಇರುತ್ತದೆ: ಅರ್ಜಿ ಹಾಕಿದ ದಿನ, ಶುಲ್ಕ ಕರೆದ ದಿನ, ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ. ಈಗಿನ ಕೇಸಿನಲ್ಲಿ ಮೇಲ್ಮನವಿ ಹಾಕುವವರಿಗೆ ಇದು ಪ್ರಾಣ. ನಕಲು ಪಡೆಯಲು ಬೇಕಾದ ಸಮಯವನ್ನು ಕಾಲಮಿತಿ ಕಾಯ್ದೆಯ 12ನೇ ಕಲಂ ಲೆಕ್ಕದಿಂದ ಬಿಡುತ್ತದೆ, ಆದರೆ ಸಿದ್ಧವಾದ ಮೇಲೆ ನೀವು ತೆಗೆದುಕೊಳ್ಳದೆ ಬಿಟ್ಟ ದಿನಗಳನ್ನು ಬಿಡುವುದಿಲ್ಲ. ಸಿವಿಲ್ ಡಿಕ್ರಿಯ ಮೇಲೆ ಜಿಲ್ಲಾ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 90 ದಿನ.

ಪ್ರಶ್ನೆ: ಕೋರ್ಟ್ ಕಡತವನ್ನು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಗೆ ತೆಗೆಯಬಹುದಲ್ಲ? — ಕುಮಟಾ

ಆಗದು. ನ್ಯಾಯಿಕ ಕಡತದ ನಕಲನ್ನು ಹೈಕೋರ್ಟ್ ನಿಯಮದಂತೆಯೇ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಮಾನಿಸಿದೆ. ನೀವು ಕೇಸಿನ ಪಕ್ಷಗಾರರಲ್ಲದಿದ್ದರೆ ಯಾಕೆ ಬೇಕೆಂದು ಅಫಿಡವಿಟ್ ಕೊಟ್ಟು ಕೋರ್ಟಿನ ಅನುಮತಿ ಕೇಳಬೇಕು. ತೀರ್ಪನ್ನು ಓದಿದರೆ ಸಾಕು ಎಂದಾದರೆ ಇ-ಕೋರ್ಟ್ಸ್‌ನಲ್ಲೇ ನೋಡಿ.

ಮಾಹಿತಿ ಹಕ್ಕು ಕೆಲಸಕ್ಕೆ ಬರುವುದು ಪೊಲೀಸ್ ಕಡೆ. ‘ಇಂಥ ದಿನ ಕೊಟ್ಟ ನನ್ನ ಅರ್ಜಿಯ ಮೇಲೆ ಆದ ಕ್ರಮ, ಅದರ ವಿಚಾರಣಾ ವರದಿಯ ಪ್ರತಿ’ ಎಂದು ಕೇಳಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು; ಉದ್ದದ ಅರ್ಜಿ ಈ ಕಾರಣಕ್ಕೇ ವಾಪಸಾಗುತ್ತದೆ. ಉತ್ತರಕ್ಕೆ 30 ದಿನ, ಮೊದಲ ಮೇಲ್ಮನವಿಗೆ ಮತ್ತೆ 30 ದಿನ, ಆಯೋಗಕ್ಕೆ 90 ದಿನ. ‘ತನಿಖೆ ನಡೆಯುತ್ತಿದೆ’ ಎಂಬ ಒಂದೇ ಸಾಲು ನಿರಾಕರಣೆಗೆ ಸಾಲದು, ಮಾಹಿತಿ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿ ಎಂದು ತೋರಿಸಬೇಕು. ದೆಹಲಿ ಹೈಕೋರ್ಟ್ 2007ರಲ್ಲೇ ಹೀಗೆ ಹೇಳಿದೆ. ಮೇಲ್ಮನವಿಯಲ್ಲಿ ಇದನ್ನು ಬರೆಯಿರಿ.

ಪ್ರಶ್ನೆ: ಹಳೆಯ ಗಲಾಟೆ ಕೇಸಿನಲ್ಲಿ ಬಿಡುಗಡೆಯಾಗಿದೆ. ನೌಕಾನೆಲೆಯ ಗುತ್ತಿಗೆ ಕೆಲಸಕ್ಕೆ ಪೊಲೀಸ್ ವೆರಿಫಿಕೇಶನ್ ಮಾಡಿಸಿದರೆ ಈಗಲೂ ಕೇಸ್ ಬಾಕಿ ಎಂದೇ ತೋರಿಸುತ್ತಿದೆ. — ಕಾರವಾರ

ಠಾಣೆಯ ದಾಖಲೆಗೆ ಕೋರ್ಟಿನ ಫಲಿತಾಂಶ ಸೇರಿಲ್ಲ ಎಂದರ್ಥ. ತೀರ್ಪಿನ ದೃಢೀಕೃತ ನಕಲು ತೆಗೆದು, ಗುನ್ನಾ ನಂಬ್ರ ಮತ್ತು ಸಿ.ಸಿ. ನಂಬರ್ ಎರಡನ್ನೂ ಬರೆದ ಪತ್ರದೊಂದಿಗೆ ಠಾಣೆಗೆ ಕೊಡಿ, ಒಂದು ಪ್ರತಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೆ. ದಾಖಲೆ ತಿದ್ದುಪಡಿಯಾಗಿದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಸೇವಾ ಸಿಂಧುವಿನಲ್ಲಿ ಮತ್ತೆ ಅರ್ಜಿ ಹಾಕಿ. ಕೇಸು ಹೈಕೋರ್ಟಿನಲ್ಲಿ ರದ್ದಾಗಿದ್ದರೆ ನಕಲು ಧಾರವಾಡ ಪೀಠದಿಂದ ಬರಬೇಕು. ಕೆಲಸದ ಫಾರಂನಲ್ಲಿ ‘ಎಂದಾದರೂ ಪ್ರಕರಣ ದಾಖಲಾಗಿತ್ತೇ’ ಎಂದು ಕೇಳಿದ್ದರೆ ಹೌದು ಎಂದೇ ಬರೆದು, ಬಿಡುಗಡೆಯಾದ ದಿನಾಂಕ ಹಾಕಿ, ನಕಲನ್ನು ಲಗತ್ತಿಸಿ. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ, ಕೇಸು ಬಿದ್ದುಹೋಗಿದ್ದರೂ ಮುಚ್ಚಿಟ್ಟ ಕಾರಣಕ್ಕೇ ಕೆಲಸ ಹೋಗಬಹುದು.