ಮನೆಯ ಕಂಪ್ಯೂಟರಿಗೆ ಆಂಟಿವೈರಸ್ ಕೊಳ್ಳಲೇಬೇಕೆ?

ಪ್ರಶ್ನೆ: ಈಚೆಗೆ ವಿಂಡೋಸ್ 11 ಇರುವ ಲ್ಯಾಪ್‌ಟಾಪ್ ಕೊಂಡಿದ್ದೇನೆ. ಅದರೊಂದಿಗೇ ಬಂದಿದ್ದ ಆಂಟಿವೈರಸ್ಸಿನ ಪ್ರಯೋಗಾವಧಿ ಮುಗಿಯುತ್ತಿದ್ದು, ಹಣ ಕಟ್ಟಿ ಮುಂದುವರಿಸಿ ಎಂಬ ಸೂಚನೆ ದಿನವೂ ಬರುತ್ತಿದೆ. ಅಂಗಡಿಯವರು ಬೇರೊಂದು ಕಂಪನಿಯ ಮೂರು ವರ್ಷದ ಪ್ಯಾಕ್ ಹಾಕಿಸಿಕೊಳ್ಳಿ, ಸ್ಪೈವೇರ್ ಹಿಡಿಯಲು ಇನ್ನೊಂದು ತಂತ್ರಾಂಶವೂ ಇರಲಿ ಎನ್ನುತ್ತಾರೆ. ಮಗ ಏನೂ ಬೇಡ ಎನ್ನುತ್ತಾನೆ. ಬ್ಯಾಂಕ್ ವ್ಯವಹಾರ, ಪಿಂಚಣಿಯ ಕಾಗದಪತ್ರ, ಮನೆಯವರ ಫೋಟೊಗಳು ಎಲ್ಲವೂ ಇದರಲ್ಲೇ ಇವೆ. ಯಾರ ಮಾತು ಕೇಳಲಿ?
— ನಿವೃತ್ತ ಉಪನ್ಯಾಸಕರು, ದಾವಣಗೆರೆ

ಉತ್ತರ: ನಿಮ್ಮ ಮಗ ಹೇಳುವುದು ಹೆಚ್ಚುಕಡಿಮೆ ಸರಿ. ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಚಾಲನೆಯಲ್ಲಿದ್ದು, ವಿಂಡೋಸ್ ಮತ್ತು ಬ್ರೌಸರಿನ ಅಪ್‌ಡೇಟುಗಳನ್ನು ಮುಂದೂಡದೆ ಹಾಕಿಕೊಳ್ಳುತ್ತಿದ್ದರೆ ನೀವು ಹೇಳಿದ ಕೆಲಸಗಳಿಗೆ ಅಷ್ಟು ಸಾಕು. ಮೂರು ವರ್ಷದ ಪ್ಯಾಕಿಗೆ ಎತ್ತಿಟ್ಟ ಹಣಕ್ಕೆ ಇನ್ನಷ್ಟು ಸೇರಿಸಿ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಳ್ಳಿ ಎಂಬುದೇ ನನ್ನ ಸಲಹೆ. ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಒಮ್ಮೆ ತನ್ನ ಕೆಲಸ ಮುಗಿಸಿತೆಂದರೆ, ಆಮೇಲೆ ಹಾಕಿಸುವ ಯಾವ ಆಂಟಿವೈರಸ್ಸೂ ಸಾಮಾನ್ಯವಾಗಿ ಆ ಫೋಟೊಗಳನ್ನು ಮರಳಿ ತೆರೆದುಕೊಡಲಾರದು. ಪ್ರತಿ ತೆಗೆದ ಮೇಲೆ ಕಂಪ್ಯೂಟರಿನಿಂದ ಬಿಡಿಸಿ ಕಪಾಟಿನಲ್ಲಿಟ್ಟ ಡಿಸ್ಕ್ ಇದ್ದರೆ ಮಾತ್ರ ಅವು ನಿಮಗೆ ಸಿಗುತ್ತವೆ. ಡಿಸ್ಕನ್ನು ಸದಾ ಚುಚ್ಚಿಕೊಂಡೇ ಇಟ್ಟಿದ್ದರೆ ಅದರಲ್ಲಿನ ಪ್ರತಿಗೂ ಅದೇ ಗತಿ.

ವೈರಸ್ಸಿಗೊಂದು, ಸ್ಪೈವೇರಿಗೊಂದು ಎಂದು ಅಂಗಡಿಯವರು ಹೇಳುವುದು ಇಪ್ಪತ್ತು ವರ್ಷ ಹಿಂದಿನ ಮಾತು. ಆಗ ಆಂಟಿವೈರಸ್ ಕಂಪನಿಗಳು ಜಾಹೀರಾತು ತೂರಿಸುವ ಮತ್ತು ಬಳಕೆದಾರರ ಚಲನವಲನ ಗಮನಿಸುವ ತಂತ್ರಾಂಶಗಳನ್ನು ಅಷ್ಟಾಗಿ ಹಚ್ಚಿಕೊಳ್ಳುತ್ತಿರಲಿಲ್ಲವಾದ್ದರಿಂದ, ಸ್ಪೈಬಾಟ್, ಆಡ್-ಅವೇರ್ ಮೊದಲಾದ ಸ್ಪೈವೇರ್ ನಿರೋಧಕಗಳನ್ನು ಪ್ರತ್ಯೇಕವಾಗಿ ಹಾಕಿಕೊಳ್ಳುವುದು ವಾಡಿಕೆಯಾಗಿತ್ತು. ಡಿಫೆಂಡರ್ ಕೂಡ ಹುಟ್ಟಿದ್ದು ಸ್ಪೈವೇರ್ ನಿರೋಧಕವಾಗಿಯೇ: ಮೈಕ್ರೋಸಾಫ್ಟ್ 2004ರ ಡಿಸೆಂಬರಿನಲ್ಲಿ ಜೈಂಟ್ ಎಂಬ ಸಣ್ಣ ಕಂಪನಿಯನ್ನು ಕೊಂಡು, ಅದರ ತಂತ್ರಾಂಶವನ್ನು 2006ರಲ್ಲಿ ವಿಂಡೋಸ್ ಡಿಫೆಂಡರ್ ಎಂಬ ಹೆಸರಿನಲ್ಲಿ ಹೊರತಂದಿತು. 2012ರ ವಿಂಡೋಸ್ 8ರಲ್ಲಿ ಅದಕ್ಕೆ ವೈರಸ್ ಹಿಡಿಯುವ ಹೊಣೆಯೂ ಬಂತು. ಇಂದು ಹೆಸರಿರುವ ಯಾವುದೇ ಆಂಟಿವೈರಸ್ ಈ ಎರಡೂ ಕೆಲಸ ಮಾಡುತ್ತದೆ.

ಹಾಗಿರುವಾಗ ಸದಾ ಕಾವಲಿರುವ ಎರಡು ತಂತ್ರಾಂಶಗಳನ್ನು ಒಟ್ಟಿಗೆ ಹಾಕುವುದರಿಂದ ಲಾಭಕ್ಕಿಂತ ತೊಂದರೆಯೇ ಹೆಚ್ಚು. ನೀವು ತೆರೆಯುವ ಪ್ರತಿಯೊಂದು ಕಡತವನ್ನೂ ಎರಡೂ ತಡೆದು ಪರೀಕ್ಷಿಸುವುದರಿಂದ ಯಂತ್ರ ನಿಧಾನವಾಗುತ್ತದೆ, ಕೆಲವೊಮ್ಮೆ ಒಂದು ಹಿಡಿದಿಟ್ಟ ಮಾಲನ್ನು ಇನ್ನೊಂದು ಹೊಸ ದಾಳಿಯೆಂದು ಭ್ರಮಿಸುತ್ತದೆ. ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಸುವುದಿಲ್ಲ. ಬೇರೊಂದು ಆಂಟಿವೈರಸ್ ಹಾಕಿದೊಡನೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುವುದು ಇದೇ ಕಾರಣಕ್ಕೆ. ಸಂಶಯ ಬಂದಾಗ ಎರಡನೆಯ ಅಭಿಪ್ರಾಯ ಬೇಕೆನಿಸಿದರೆ, ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿಯಂಥ, ನಾವು ಹೇಳಿದಾಗ ಮಾತ್ರ ಶೋಧಿಸಿ ಸುಮ್ಮನಾಗುವ ತಂತ್ರಾಂಶವನ್ನು ಬಳಸಬಹುದು. ಅದು ಪ್ರಯೋಗಾವಧಿಯ ಆಮಿಷ ಒಡ್ಡಿದರೆ ಬೇಡವೆನ್ನಿ.

ಇನ್ನು ಡಿಫೆಂಡರಿನ ಗುಣಮಟ್ಟ. ಜರ್ಮನಿಯ ಮಾಗ್ಡೆಬುರ್ಗ್ ನಗರದ ಎವಿ-ಟೆಸ್ಟ್ ಮತ್ತು ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿರುವ ಎವಿ-ಕಂಪ್ಯಾರಟಿವ್ಸ್ ಸಂಸ್ಥೆಗಳು ಆಂಟಿವೈರಸ್‌ಗಳನ್ನು ನಿಯತವಾಗಿ ಪರೀಕ್ಷಿಸಿ, ಫಲಿತಾಂಶವನ್ನು ಯಾರು ಬೇಕಾದರೂ ನೋಡುವಂತೆ ಪ್ರಕಟಿಸುತ್ತವೆ. ಎವಿ-ಟೆಸ್ಟ್ ರಕ್ಷಣೆ, ವೇಗ ಮತ್ತು ಬಳಕೆಯ ಅನುಕೂಲಕ್ಕೆ ತಲಾ 6ರಂತೆ ಒಟ್ಟು 18 ಅಂಕ ಕೊಡುತ್ತದೆ. ಬಳಕೆಯ ಅನುಕೂಲವೆಂದರೆ ಮುಖ್ಯವಾಗಿ, ನಿರಪರಾಧಿ ತಂತ್ರಾಂಶವನ್ನು ಕಳ್ಳನೆಂದು ಎಷ್ಟು ಸಲ ಹಿಡಿಯಿತು ಎಂಬ ಲೆಕ್ಕ. ಈ ಪಟ್ಟಿಯಲ್ಲಿ ಡಿಫೆಂಡರ್ ಹಲವು ವರ್ಷಗಳಿಂದ ಹಣ ಕೊಟ್ಟು ಕೊಳ್ಳುವವುಗಳ ಸಾಲಿನಲ್ಲೇ ನಿಂತಿದೆ. ಆದರೆ ಅದಕ್ಕೊಂದು ದೌರ್ಬಲ್ಯವಿದೆ, ಅಂಗಡಿಯಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ಹೊಸ ಕಡತ ಕಂಡಾಗ ಅದು ಇಂಟರ್ನೆಟ್ ಮೂಲಕ ಮೈಕ್ರೋಸಾಫ್ಟಿನ ಸರ್ವರನ್ನು ವಿಚಾರಿಸಿ ತೀರ್ಮಾನಿಸುವುದರಿಂದ, ಸಂಪರ್ಕವಿಲ್ಲದಾಗ ಅದರ ಪತ್ತೆಯ ಪ್ರಮಾಣ ಇಳಿಯುವುದು ಎವಿ-ಕಂಪ್ಯಾರಟಿವ್ಸ್‌ನ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಮೊಬೈಲ್ ಹಾಟ್‌ಸ್ಪಾಟಿನಿಂದ ಅಪರೂಪಕ್ಕೆ ಇಂಟರ್ನೆಟ್ ಪಡೆಯುವ, ಕಡತಗಳೆಲ್ಲ ಪೆನ್‌ಡ್ರೈವಿನಲ್ಲೇ ಬಂದುಹೋಗುವ ಮನೆಯಾದರೆ ಸಂಪರ್ಕವಿಲ್ಲದಾಗಲೂ ಚೆನ್ನಾಗಿ ಪತ್ತೆಹಚ್ಚುವ ತಂತ್ರಾಂಶವನ್ನು ಹಣ ಕೊಟ್ಟು ಕೊಳ್ಳುವುದರಲ್ಲಿ ಅರ್ಥವಿದೆ. ಮಕ್ಕಳ ಬಳಕೆಯ ಮೇಲೆ ನಿಗಾ, ನಾಲ್ಕಾರು ಸಾಧನಗಳಿಗೆ ಒಂದೇ ಪರವಾನಗಿ, ತೊಂದರೆಯಾದಾಗ ಫೋನಿನಲ್ಲಿ ನೆರವು ಇವು ಬೇಕಾದವರಿಗೂ ಅಷ್ಟೇ.

ಕೊಳ್ಳುವುದೇ ಆದರೆ ಬ್ರ್ಯಾಂಡಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ನಾರ್ಟನ್, ಅವಾಸ್ಟ್, ಎವಿಜಿ, ಅವಿರಾ ನಾಲ್ಕೂ ಈಗ ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯವು. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7, ಮುಂಬೈನ ಇಸ್ಕ್ಯಾನ್ ನಮ್ಮ ದೇಶದವು. ದೇಶ ಯಾವುದೇ ಇರಲಿ, ಮೇಲಿನ ಪರೀಕ್ಷೆಗಳ ಈಚಿನ ಒಂದೆರಡು ಫಲಿತಾಂಶ ನೋಡಿಯೇ ಆರಿಸಿ. ಮೂರು ವರ್ಷಕ್ಕೆ ಒಮ್ಮೆಲೇ ಹಣ ಕಟ್ಟುವ ಬದಲು ಒಂದು ವರ್ಷಕ್ಕೆ ಕೊಳ್ಳಿ. ಮೊದಲ ವರ್ಷದ ರಿಯಾಯಿತಿ ನವೀಕರಣದ ಹೊತ್ತಿಗೆ ಇರುವುದಿಲ್ಲವಾದ್ದರಿಂದ, ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ಆಯ್ಕೆಯನ್ನು ಕೊಂಡ ದಿನವೇ ತೆಗೆದುಬಿಡಿ. ಇಂಥ ಕಡಿತಕ್ಕೆ 24 ಗಂಟೆ ಮೊದಲೇ ಬ್ಯಾಂಕು ತಿಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವಿದೆ. ಆ ಸಂದೇಶವನ್ನು ಓದದೆ ಅಳಿಸುವವರೇ ಹೆಚ್ಚು.

ಉಚಿತವಾಗಿ ಸಿಗುವ ಆಂಟಿವೈರಸ್ಸುಗಳ ಬಗ್ಗೆಯೂ ಒಂದು ವಿಷಯ ಹೇಳಬೇಕು. ಅವಾಸ್ಟ್ ತನ್ನ ಬಳಕೆದಾರರು ಯಾವ ಜಾಲತಾಣ ನೋಡಿದರೆಂಬ ವಿವರವನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿತ್ತೆಂಬ ಆರೋಪದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ 1.65 ಕೋಟಿ ಡಾಲರ್ ಕಟ್ಟಿಸಿಕೊಂಡಿತು. ಜಂಪ್‌ಶಾಟ್ 2020ರಲ್ಲೇ ಮುಚ್ಚಿತ್ತು. ಸ್ಪೈವೇರ್ ತಡೆಯಲೆಂದು ಹಾಕಿಕೊಂಡದ್ದೇ ಗೂಢಚಾರಿಕೆ ನಡೆಸಿದರೆ ದೂರುವುದು ಯಾರಿಗೆ? ಆದ್ದರಿಂದ ಯಾವುದೇ ತಂತ್ರಾಂಶ ಹಾಕುವಾಗ ಮಾಹಿತಿ ಹಂಚಿಕೆಗೆ ಒಪ್ಪಿಗೆ ಕೇಳುವ ಚೌಕಗಳಲ್ಲಿನ ಗುರುತನ್ನು ತೆಗೆದೇ ಮುಂದೆ ಹೋಗಿ.

ಈಗ ನೀವು ಮಾಡಬೇಕಾದದ್ದು. ಅವಧಿ ಮುಗಿಯುತ್ತಿರುವ ತಂತ್ರಾಂಶವನ್ನು ಸೆಟ್ಟಿಂಗ್ಸಿನಲ್ಲಿರುವ ಆ್ಯಪ್‌ಗಳ ಪಟ್ಟಿಯಿಂದ ಅನ್‌ಇನ್‌ಸ್ಟಾಲ್ ಮಾಡಿ, ಯಂತ್ರವನ್ನು ಮರುಚಾಲನೆ ಮಾಡಿದರೆ ಡಿಫೆಂಡರ್ ತಾನಾಗಿ ಎಚ್ಚರಗೊಳ್ಳುತ್ತದೆ. ವಿಂಡೋಸ್ ಸೆಕ್ಯೂರಿಟಿ ತೆರೆದು, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ ವಿಭಾಗದಲ್ಲಿ ರಿಯಲ್ ಟೈಮ್, ಕ್ಲೌಡ್ ಮತ್ತು ಟ್ಯಾಂಪರ್ ಪ್ರೊಟೆಕ್ಷನ್ ಮೂರೂ ಆನ್ ಇವೆಯೇ ನೋಡಿ. ಅಲ್ಲೇ ಕೆಳಗೆ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಎಂಬುದಿದೆ. ಅದನ್ನು ನಾವೇ ಆನ್ ಮಾಡಬೇಕು. ಆಗ ಅಪರಿಚಿತ ತಂತ್ರಾಂಶ ಯಾವುದೂ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳಲ್ಲಿನ ಕಡತಗಳನ್ನು ತಿದ್ದಲಾರದು. ಲೆಕ್ಕಪತ್ರದ ಯಾವುದೋ ಹಳೆಯ ತಂತ್ರಾಂಶಕ್ಕೂ ಕಡತ ಉಳಿಸಲು ಅಡ್ಡಿಯಾದೀತು. ಅದೇ ಪುಟದಲ್ಲಿ ಅದಕ್ಕೆ ಅನುಮತಿ ಕೊಟ್ಟರಾಯಿತು.

ಕಾವಲು ನಿಜಕ್ಕೂ ಎಚ್ಚರವಾಗಿದೆಯೇ ಎಂದು ನೋಡುವ ಆಸೆಯಿದ್ದವರಿಗಾಗಿ ಐಕಾರ್ ಸಂಸ್ಥೆಯ ಪರೀಕ್ಷಾ ಕಡತವಿದೆ. ಬರಿಯ 68 ಅಕ್ಷರಗಳ, ಯಾವ ಹಾನಿಯನ್ನೂ ಮಾಡದ ಆ ಪಠ್ಯವನ್ನು ವೈರಸ್ ಎಂದೇ ಹಿಡಿಯಬೇಕೆಂದು ಆಂಟಿವೈರಸ್ ಕಂಪನಿಗಳೆಲ್ಲ ಒಪ್ಪಿಕೊಂಡಿವೆ. ಅದನ್ನು ಇಳಿಸಿಕೊಂಡಾಗ ಎಚ್ಚರಿಕೆ ಬಾರದಿದ್ದರೆ ಏನೋ ಕೆಟ್ಟಿದೆ ಎಂದರ್ಥ.

ಪ್ರಶ್ನೆ: ಕಂಪ್ಯೂಟರಿನ ಬಲಮೂಲೆಯಲ್ಲಿ ಗಂಟೆಗೊಮ್ಮೆ “ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ, 5 ವೈರಸ್ ಪತ್ತೆಯಾಗಿವೆ” ಎಂಬ ಚೀಟಿ ಬರುತ್ತದೆ. ಅದರಲ್ಲಿ ಹೇಳಿರುವ ಕಂಪನಿಯ ಆಂಟಿವೈರಸ್ಸನ್ನು ನಾನು ಹಾಕಿಯೇ ಇಲ್ಲ. ಡಿಫೆಂಡರಿನಿಂದ ಪೂರ್ತಿ ಶೋಧಿಸಿದರೂ ಏನೂ ಸಿಗುತ್ತಿಲ್ಲ.
— ಗೃಹಿಣಿ, ಉಡುಪಿ

ಉತ್ತರ: ಏನೂ ಸಿಗದಿರುವುದು ಸಹಜ, ಏಕೆಂದರೆ ಇದು ಬಹುಪಾಲು ವೈರಸ್ಸೇ ಅಲ್ಲ. ಎಂದೋ ಒಂದು ಜಾಲತಾಣ, ಸಿನಿಮಾ ನೋಡಲೋ ಕಡತ ಇಳಿಸಿಕೊಳ್ಳಲೋ ಹೋದಾಗ, “ನೀವು ರೋಬಾಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ” ಎಂದಿರುತ್ತದೆ. ಅದನ್ನು ಒತ್ತಿದಾಗ ನೀವು ಕೊಟ್ಟದ್ದು ನೋಟಿಫಿಕೇಶನ್ ಕಳಿಸುವ ಅನುಮತಿ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಹೀಗೆ ಹೋದರೆ ಅನುಮತಿ ಪಡೆದ ತಾಣಗಳ ಪಟ್ಟಿ ಕಾಣುತ್ತದೆ. ಅರ್ಥವಿಲ್ಲದ ಅಕ್ಷರಗಳ, ನೀವೆಂದೂ ಕೇಳದ ಹೆಸರುಗಳು ಅದರಲ್ಲಿದ್ದರೆ ಒಂದೊಂದನ್ನೂ ತೆಗೆದುಹಾಕಿ. ಚೀಟಿಗಳು ಅಲ್ಲಿಗೆ ನಿಲ್ಲುತ್ತವೆ.

ಇದೇ ಮೋಸದ ದೊಡ್ಡ ರೂಪವೂ ಒಂದಿದೆ. ಪರದೆ ತುಂಬ ಕೆಂಪು ಎಚ್ಚರಿಕೆ, ಕಿವಿಗಡಚಿಕ್ಕುವ ಸದ್ದು, ಜೊತೆಗೆ “ಮೈಕ್ರೋಸಾಫ್ಟ್ ಸಹಾಯವಾಣಿ” ಎಂದು ಒಂದು ಫೋನ್ ಸಂಖ್ಯೆ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ಸಂಖ್ಯೆ ಇರುವುದೇ ಇಲ್ಲ. ಎಸ್ಕೇಪ್ ಕೀಲಿಯನ್ನು ಒತ್ತಿಹಿಡಿದು ಪೂರ್ಣಪರದೆಯಿಂದ ಹೊರಬಂದು ಬ್ರೌಸರನ್ನು ಮುಚ್ಚಿ. ಆಗದಿದ್ದರೆ ಟಾಸ್ಕ್ ಮ್ಯಾನೇಜರಿನಿಂದ ಮುಚ್ಚಿ. ಈಗಾಗಲೇ ಆ ಸಂಖ್ಯೆಗೆ ಕರೆ ಮಾಡಿ, ದೂರದಿಂದಲೇ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್‌ನಂಥ ತಂತ್ರಾಂಶದ ಮೂಲಕ ಅವರನ್ನು ಒಳಗೆ ಬಿಟ್ಟಿದ್ದರೆ ಮೊದಲು ಇಂಟರ್ನೆಟ್ ಕಡಿಯಿರಿ, ಬೇರೊಂದು ಸಾಧನದಿಂದ ಪಾಸ್‌ವರ್ಡ್ ಬದಲಿಸಿ, ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಖಾತೆಯಿಂದ ಖಾತೆಗೆ ಜಾರುವ ಮೊದಲೇ ದೂರು ದಾಖಲಾದರೆ ತಡೆಹಿಡಿಸುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ನಮ್ಮದು ವಿಂಡೋಸ್ 10ರ ಹಳೆಯ ಕಂಪ್ಯೂಟರ್. ಅದಕ್ಕೆ ಅಪ್‌ಡೇಟ್ ನಿಂತಿದೆಯಂತೆ. ಒಳ್ಳೆಯ ಆಂಟಿವೈರಸ್ ಹಾಕಿದರೆ ಇನ್ನೂ ಕೆಲವು ವರ್ಷ ಬಳಸಬಹುದೆ?
— ಓದುಗರು, ಹೊಸಪೇಟೆ

ಉತ್ತರ: ಆಂಟಿವೈರಸ್ಸೊಂದನ್ನೇ ನಂಬಿ ಬಳಸಬೇಡಿ. ಒಳಬರುವ ಕೆಟ್ಟ ಕಡತವನ್ನು ಗುರುತಿಸುವುದು ಆಂಟಿವೈರಸ್ಸಿನ ಕೆಲಸ. ವಿಂಡೋಸಿನಲ್ಲೇ ಇರುವ ಬಿರುಕನ್ನು ಮುಚ್ಚುವುದು ಅಪ್‌ಡೇಟಿನ ಕೆಲಸ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಹರಡಿದಾಗ ಅದು ನುಸುಳಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ತೇಪೆ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟುಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಮನೆ ಬಳಕೆದಾರರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟುಗಳನ್ನು ಪಡೆಯುವ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ಮಾಡಿತು. ಇದಕ್ಕೆ 22ಎಚ್2 ಆವೃತ್ತಿ ಮತ್ತು ಮೈಕ್ರೋಸಾಫ್ಟ್ ಖಾತೆ ಬೇಕು, ಕೊಂಡಿ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಕಾಣುತ್ತದೆ. ಡಿಫೆಂಡರಿಗೆ ಹೊಸ ವೈರಸ್‌ಗಳ ಮಾಹಿತಿ 2028ರ ಅಕ್ಟೋಬರಿನವರೆಗೂ ಬರುವುದೆಂದು ಕಂಪನಿ ಹೇಳಿದೆ ನಿಜ, ಆದರೆ ಅದು ಬಿರುಕು ಮುಚ್ಚುವ ತೇಪೆಯಲ್ಲ. ಭದ್ರತಾ ಅಪ್‌ಡೇಟುಗಳೂ ನಿಂತ ಬಳಿಕ, ಯಂತ್ರ ವಿಂಡೋಸ್ 11ಕ್ಕೆ ಒಗ್ಗದಿದ್ದರೆ ವಿಂಡೋಸಿನ ಬದಲು ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆಯನ್ನು ಪರಿಗಣಿಸಿ. ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಬೆರಳಚ್ಚು ಮಾಡಿ ರೂಢಿಯಿದ್ದವರಿಗೆ ಬೇಕಾದ ಕಗಪ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸವೂ ಲಿನಕ್ಸಿನಲ್ಲಿ ಸಿಗುತ್ತದೆ.

ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ಕಡಿಮೆ ಹಣಕ್ಕೆ ಕಳ್ಳಪ್ರತಿಯ ವಿಂಡೋಸ್ 11 ಹಾಕಿಕೊಡುತ್ತೇವೆ ಎನ್ನುವವರ ಬಳಿ ಹೋಗಬೇಡಿ. ಪರವಾನಗಿಯಿಲ್ಲದೆ ವಿಂಡೋಸ್ ನಡೆಯುವಂತೆ ಮಾಡಲು ಬಳಸುವ ಆ್ಯಕ್ಟಿವೇಟರುಗಳ ಮೊದಲ ಸೂಚನೆಯೇ ಆಂಟಿವೈರಸ್ ಆಫ್ ಮಾಡಿ ಎಂಬುದು. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳನ್ನು ಹೊತ್ತೊಯ್ಯುವ ಕಳ್ಳ ತಂತ್ರಾಂಶಗಳು ಹೆಚ್ಚಾಗಿ ಒಳಬರುವ ದಾರಿಗಳಲ್ಲಿ ಇದೂ ಒಂದು. ಮನೆಯವರೇ ಬಾಗಿಲು ತೆರೆದುಕೊಟ್ಟಾಗ ಎಷ್ಟು ದುಡ್ಡಿನ ಆಂಟಿವೈರಸ್ ಇದ್ದರೂ ಪ್ರಯೋಜನವಿಲ್ಲ.

ಪ್ರಶ್ನೆ: ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿವೆ. ಮಗಳ ಪ್ರಾಜೆಕ್ಟ್ ಹೋಯಿತೆ?
— ಓದುಗರು, ಗದಗ

ಉತ್ತರ: ಬಹುಶಃ ಹೋಗಿಲ್ಲ. ಈ ಜಾತಿಯ ವೈರಸ್ ನಿಮ್ಮ ಫೋಲ್ಡರುಗಳನ್ನು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಮುಂದಿಡುತ್ತದೆ. ಅವನ್ನು ಒತ್ತಿದರೆ ವೈರಸ್ ಓಡುತ್ತದೆ, ಅನುಮಾನ ಬಾರದಿರಲೆಂದು ಅಸಲಿ ಫೋಲ್ಡರ್ ಕೂಡ ತೆರೆದುಕೊಳ್ಳುತ್ತದೆ. ಪೆನ್‌ಡ್ರೈವ್ ಚುಚ್ಚಿದೊಡನೆ ತಾನೇ ಓಡುವ ಹಳೆಯ ದಾರಿಯನ್ನು ಮೈಕ್ರೋಸಾಫ್ಟ್ 2011ರಲ್ಲಿ ಮುಚ್ಚಿದ್ದರಿಂದ, ಈಗ ಅದಕ್ಕೆ ನಮ್ಮ ಕೈಯಿಂದಲೇ ಒಂದು ಕ್ಲಿಕ್ ಬೇಕು. ಆದ್ದರಿಂದ ಯಾವ ಶಾರ್ಟ್‌ಕಟ್ಟನ್ನೂ ಮುಟ್ಟದೆ, ಮೊದಲು ಡ್ರೈವಿನ ಮೇಲೆ ಬಲಗುಂಡಿ ಒತ್ತಿ ಡಿಫೆಂಡರಿನಿಂದ ಶೋಧಿಸಿ. ಅನಂತರ ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಆಯ್ಕೆಯಲ್ಲಿ ಹಿಡನ್ ಐಟಮ್ಸ್ ತೋರಿಸುವಂತೆ ಮಾಡಿ, ಫೋಲ್ಡರ್ ಆಪ್ಷನ್ಸ್‌ನಲ್ಲಿ ಸಿಸ್ಟಮ್ ಕಡತಗಳನ್ನು ಮರೆಮಾಡುವ ಚೌಕದ ಗುರುತನ್ನೂ ತೆಗೆಯಿರಿ. ಅಸಲಿ ಫೋಲ್ಡರುಗಳು ಮಸುಕು ಬಣ್ಣದಲ್ಲಿ, ಕೆಲವೊಮ್ಮೆ ಹೆಸರೇ ಇಲ್ಲದ ಇನ್ನೊಂದು ಫೋಲ್ಡರಿನೊಳಗೆ ಕಾಣಿಸುತ್ತವೆ. ಅದರಿಂದ ವರ್ಡ್, ಪಿಡಿಎಫ್, ಫೋಟೊ ಕಡತಗಳನ್ನಷ್ಟೇ ಆರಿಸಿ ಕಂಪ್ಯೂಟರಿಗೆ ಹಾಕಿಕೊಂಡು ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ. ಮುಂದಿನ ಸಲ ಅಂಗಡಿಗೆ ಒಯ್ಯುವ ಪೆನ್‌ಡ್ರೈವಿನಲ್ಲಿ ಪ್ರಿಂಟ್ ತೆಗೆಸಬೇಕಾದ ಒಂದು ಪಿಡಿಎಫ್ ಬಿಟ್ಟು ಬೇರೇನೂ ಇರದಿರಲಿ.