ಮೆದುಳಿಗೆ ಚಿಪ್ ಹಾಕಿಸಲು ಹೊಲ ಮಾರಬೇಕೆ? ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಮಲ್ಲೇಶನಿಗೆ 24 ವರ್ಷ. ಹಾವೇರಿ ಜಿಲ್ಲೆಯ ರೈತ ಕುಟುಂಬ. ಬೇಸಿಗೆಯಲ್ಲಿ ನೀರು ತಳ ಹಿಡಿದಿದ್ದ ಬಾವಿಗೆ ತಲೆಕೆಳಗಾಗಿ ಹಾರಿ ಕುತ್ತಿಗೆ ಮೂಳೆ ಮುರಿದುಕೊಂಡ. ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿ ಒಂದೂವರೆ ವರ್ಷವಾಗಿದೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಸಿ6, ಏಷಿಯಾ ಎ’ ಎಂದಿದೆ. ಅಂದರೆ ಬೆನ್ನುಹುರಿಗೆ ಕುತ್ತಿಗೆಯ ಆರನೆಯ ನರದ ಮಟ್ಟದಲ್ಲಿ ಪೆಟ್ಟು, ಏಷಿಯಾ ಎಂಬ ಅಳತೆಯಲ್ಲಿ ‘ಪೂರ್ಣ ಪೆಟ್ಟು’ ಎಂಬ ದರ್ಜೆ. ಭುಜ ಆಡುತ್ತದೆ, ಮೊಣಕೈ ಮಡಚುತ್ತದೆ, ಮಣಿಕಟ್ಟು ಮೇಲೇಳುತ್ತದೆ. ಬೆರಳು, ಸೊಂಟ, ಕಾಲು ಸುಮ್ಮನಾಗಿವೆ. ಮೂತ್ರ, ಮಲದ ಹಿಡಿತವಿಲ್ಲ.

ಮಲ್ಲೇಶ, ಅಪ್ಪ, ಅವ್ವ ಮೂವರೂ ನಮ್ಮ ಬಳಿ ಆಪ್ತಸಲಹೆಗೆ ಬಂದದ್ದು ಒಂದು ವಿಡಿಯೊದಿಂದಾಗಿ. ಮೆದುಳಿಗೆ ಚಿಪ್ ಹಾಕಿಸಿಕೊಂಡವನೊಬ್ಬ ಯೋಚನೆಯಿಂದಲೇ ಕಂಪ್ಯೂಟರಿನಲ್ಲಿ ಚೆಸ್ ಆಡುವುದನ್ನು ತಂದೆ ಫೋನಿನಲ್ಲಿ ನೋಡಿದ್ದರು. ಅದೇ ವೇಳೆಗೆ ಮಧ್ಯವರ್ತಿಯೊಬ್ಬ, ಬೇರೆ ರಾಜ್ಯದ ಕೇಂದ್ರವೊಂದರಲ್ಲಿ ಮೊದಲು ಸ್ಟೆಮ್ ಸೆಲ್ ಇಂಜೆಕ್ಷನ್, ಆಮೇಲೆ ಚಿಪ್, ಒಟ್ಟು 22 ಲಕ್ಷ, ಈಗ ಬುಕಿಂಗ್ ಎಂದು 2 ಲಕ್ಷ ಕಟ್ಟಿ ಎಂದಿದ್ದ. ಮನೆಗಿರುವುದು ನಾಲ್ಕು ಎಕರೆ ಮೆಣಸಿನಕಾಯಿ ಹೊಲ. “ಹೊಲಾ ನಾಳೆ ಮತ್ತ ತಗೋಬಹುದ್ರಿ, ಇವನ ವಯಸ್ಸು ತಿರುಗಿ ಬರೂದಿಲ್ಲ” ಎಂಬುದು ತಂದೆಯ ಮಾತು. ಅಪ್ಪ, ಅವ್ವ ಹೊರಗೆ ಹೋದ ಮೇಲೆ ಮಗ ಕೇಳಿದ: “ಹೊಲಾ ಮಾರಿ ಚಿಪ್ ಹಾಕಿಸಿದ ಮ್ಯಾಲೂ ನಾ ಹಿಂಗ ಇದ್ರ ಏನ್ ಮಾಡೂದ್ರಿ?”

ಈ ಪ್ರಶ್ನೆ ಬಂದಮೇಲೆ ವಿಜ್ಞಾನದ ಮಾತನ್ನು ಬದಿಗಿಟ್ಟು ಮೊದಲು ಮನಸ್ಸಿನ ಸ್ಥಿತಿ ನೋಡಬೇಕಾಯಿತು. ಊಟ ಕಡಿಮೆ, ನಿದ್ದೆ ಹರಕು ಮುರಕು, ರಾತ್ರಿ ಮಗ್ಗಲು ಬದಲಿಸಲು ಬಂದ ಅಪ್ಪನಿಗೆ “ಬಿಡು, ಮಲಗು” ಎನ್ನುತ್ತಿದ್ದ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 16 ಅಂಕ ಬಂತು. ಅಂಕ ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು. ಸಾಯುವ ವಿಚಾರ ಬರುತ್ತದೆಯೇ ಎಂಬ ಒಂಬತ್ತನೆಯ ಪ್ರಶ್ನೆಯನ್ನು ನೇರವಾಗಿ ಕೇಳಿದೆವು. ಕೇಳಿದರೆ ಆ ವಿಚಾರ ತಲೆಗೆ ಹೊಕ್ಕೀತು ಎಂಬ ಭಯಕ್ಕೆ ಆಧಾರವಿಲ್ಲ. ಸಾಯುವ ಯೋಜನೆ ಇರಲಿಲ್ಲ, ಹೊರೆಯಾದೆ ಎಂಬ ಭಾವ ಗಟ್ಟಿಯಾಗಿತ್ತು. ಧಾರವಾಡದ ಡಿಮ್ಹಾನ್ಸ್‌ನ ಮನೋವೈದ್ಯರಿಗೆ ಪತ್ರ ಕೊಟ್ಟು, ಹೊತ್ತಲ್ಲದ ಹೊತ್ತಿನಲ್ಲಿ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಮೂವರ ಫೋನಿನಲ್ಲೂ ಹಾಕಿಸಿದೆವು.

ನಂತರ ಚಿಪ್ಪಿನ ಮಾತು. ವಿಡಿಯೊ ಸುಳ್ಳಲ್ಲ. ನ್ಯೂರಾಲಿಂಕ್ ಕಂಪನಿ 2024ರ ಜನವರಿಯಲ್ಲಿ ಮೊದಲ ಮನುಷ್ಯನಿಗೆ ಇದನ್ನು ಅಳವಡಿಸಿತು. ಕೂದಲಿಗಿಂತ ತೆಳುವಾದ 64 ಎಳೆಗಳು, ಅವುಗಳ ಮೇಲೆ 1024 ವಿದ್ಯುದ್ವಾರಗಳು. ಕೈ ಆಡಿಸುವ ಆಜ್ಞೆ ಹೊರಡುವ ಮೆದುಳಿನ ಭಾಗದಲ್ಲಿ ಅವು ಕೂರುತ್ತವೆ. ಕೆಲವೇ ವಾರಗಳಲ್ಲಿ ಹಲವು ಎಳೆಗಳು ಹಿಂದಕ್ಕೆ ಜಾರಿ ಸಂಕೇತ ಕುಗ್ಗಿತು. ಸಾಫ್ಟ್‌ವೇರ್ ಬದಲಿಸಿ ಸರಿದೂಗಿಸಿದರು. ಹೊಸ ಪವಾಡವೂ ಅಲ್ಲ, 2004ರಲ್ಲೇ ಅಮೆರಿಕದ ಬ್ರೇನ್‌ಗೇಟ್ ತಂಡ 96 ವಿದ್ಯುದ್ವಾರಗಳಿಂದ ಕರ್ಸರ್ ಓಡಿಸಿ ತೋರಿಸಿತ್ತು.

ಈ ಸಾಧನ ಮೆದುಳಿನ ಆಜ್ಞೆಯನ್ನು ಹಿಡಿದು ಯಂತ್ರಕ್ಕೆ ಕೊಡುತ್ತದೆ. ಬೆನ್ನುಹುರಿಯನ್ನು ಬೆಸೆಯುವುದಿಲ್ಲ. ಚೆಸ್ ಆಡಿದವರ ಕೈಕಾಲು ಮೊದಲಿನಂತೆಯೇ ಇವೆ. ಮಲ್ಲೇಶ ಈಗಲೇ ಅಂಗೈ ಅಂಚಿನಿಂದ ಫೋನ್ ಒತ್ತುತ್ತಾನೆ, ಕನ್ನಡದಲ್ಲಿ ಮಾತಾಡಿ ಮೆಸೇಜ್ ಬರೆಸುತ್ತಾನೆ. ತೋಳೂ ಆಡದವರಿಗೆ ಕರ್ಸರ್ ಎಷ್ಟು ದೊಡ್ಡ ಲಾಭವೋ ಇವನಿಗೆ ಅಷ್ಟು ದೊಡ್ಡದಲ್ಲ. ತಲೆಬುರುಡೆ ತೆರೆಯುವುದರ ಅಪಾಯ ಮಾತ್ರ ಇಬ್ಬರಿಗೂ ಒಂದೇ. ಈ ತೂಕವನ್ನು ಮಧ್ಯವರ್ತಿ ಹೇಳಿರಲಿಲ್ಲ.

ನಡೆಯುವ ಆಸೆಗೆ ಹತ್ತಿರದ ಕೆಲಸ ಬೇರೆ ಇದೆ. 2023ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ತಂಡ ಮೆದುಳಿನ ಸಂಕೇತವನ್ನು ಪೆಟ್ಟಾದ ಜಾಗ ದಾಟಿಸಿ, ಕೆಳಗಿನ ಬೆನ್ನುಹುರಿಗೆ ವಿದ್ಯುತ್ ಪ್ರಚೋದನೆಯಾಗಿ ಕೊಟ್ಟು ಒಬ್ಬರನ್ನು ನಡೆಸಿತು. ಅವರ ಬೆನ್ನುಹುರಿ ಪೂರ್ತಿ ತುಂಡಾಗಿರಲಿಲ್ಲ. ಆದ್ದರಿಂದಲೇ ಮಲ್ಲೇಶನ ‘ಎ’ ದರ್ಜೆಯನ್ನು ಮತ್ತೆ ಪರೀಕ್ಷಿಸಿ ಎಂದೆವು. ಗುದದ್ವಾರದ ಸುತ್ತ ಸ್ಪರ್ಶವೋ ಒಳಗೆ ಒತ್ತಡವೋ ತಿಳಿದರೆ ದರ್ಜೆ ಬದಲಾಗುತ್ತದೆ. ಆಪರೇಷನ್ನಿನ ದಿನಗಳ ದರ್ಜೆಯನ್ನೇ ವರ್ಷಗಟ್ಟಲೆ ಹೊತ್ತು ತಿರುಗುವುದು ಸರಿಯಲ್ಲ.

“ಮನಸಿನ್ಯಾಗಿಂದೆಲ್ಲಾ ಓದತೈತೇನ್ರಿ ಅದು?” ಎಂದು ಅವನು ಕೇಳಿದ. ಈಗಿನ ಸಾಧನ ಹಿಡಿಯುವುದು ಕೈ ಆಡಿಸಲು ಮಾಡುವ ಪ್ರಯತ್ನವನ್ನು. ಅದಕ್ಕೂ ಆಗಾಗ ತರಬೇತಿ ಬೇಕು. ಆದರೂ ಆ ದಾಖಲೆ ಯಾರ ಕೈಯಲ್ಲಿರುತ್ತದೆ ಎಂದು ಕೇಳುವುದು ಅವನ ಹಕ್ಕು.

ಹಣದ ವಿಷಯದಲ್ಲಿ ತಂದೆಗೆ ಖಚಿತವಾಗಿ ಹೇಳಿದೆವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಬೆನ್ನುಹುರಿ ಪೆಟ್ಟಿಗೆ ಸ್ಟೆಮ್ ಸೆಲ್ ಕೊಡುವುದಿದ್ದರೆ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ, ಮತ್ತು ರೋಗಿಯಿಂದ ಅದಕ್ಕೆ ಹಣ ಪಡೆಯುವಂತಿಲ್ಲ. ಪ್ರಯೋಗಕ್ಕೆ ಸಿಟಿಆರ್‌ಐ, ಅಂದರೆ ದೇಶದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪಟ್ಟಿಯ, ಸಂಖ್ಯೆ ಇರಲೇಬೇಕು. ಆ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹುಡುಕಬಹುದು. ಬುಕಿಂಗ್ ಹಣ ಕೇಳಿದ ಕೂಡಲೇ ಮಾತು ನಿಲ್ಲಿಸಬೇಕು. ಮುಂದೆ ನಿಜವಾದ ಪ್ರಯೋಗ ಬಂದರೂ ಸಹಿಗೆ ಮೊದಲು ಕೇಳಬೇಕಾದದ್ದು: ಸೋಂಕು ತಗುಲಿದರೆ ತೆಗೆಯುವವರು ಯಾರು, ಐದು ವರ್ಷದ ಮೇಲೆ ಕೆಟ್ಟರೆ ರಿಪೇರಿ ಯಾರದು, ಕಂಪನಿಯೇ ಮುಚ್ಚಿದರೆ ಗತಿ ಏನು? ಆರ್ಗಸ್ 2 ಎಂಬ ಕೃತಕ ಕಣ್ಣು ಹಾಕಿಸಿಕೊಂಡ ನೂರಾರು ಜನ, ತಯಾರಕರು ಅದನ್ನು ಕೈಬಿಟ್ಟಾಗ ಬಿಡಿಭಾಗ ಸಿಗದೆ ಉಳಿದರು.

ಇಷ್ಟಾದರೂ ಆಸೆಯನ್ನು ಕಿತ್ತುಕೊಳ್ಳುವುದು ನಮ್ಮ ಕೆಲಸವಲ್ಲ. ಕಿವಿಗೆ ಹಾಕುವ ಕಾಕ್ಲಿಯರ್ ಇಂಪ್ಲಾಂಟ್ ಇಂದು ನಮ್ಮಲ್ಲಿ ಸರ್ಕಾರಿ ಯೋಜನೆಯಲ್ಲೇ ಮಕ್ಕಳಿಗೆ ಸಿಗುತ್ತದೆ. ಮಲ್ಲೇಶ ನಲವತ್ತಕ್ಕೆ ಬರುವ ಹೊತ್ತಿಗೆ ಅವನಿಗೆ ಒದಗುವ ಸಾಧನ ಇರಬಹುದು. ಆಗ ಅದನ್ನು ಪಡೆಯಲು ಈಗಿನ ಚರ್ಮ, ಕೀಲು, ಮೂತ್ರಪಿಂಡ ಉಳಿದಿರಬೇಕು. ಒತ್ತುಹುಣ್ಣು, ಸೋಂಕು ಇದ್ದವರನ್ನು ಪ್ರಯೋಗಕ್ಕೆ ತೆಗೆದುಕೊಳ್ಳುವುದು ಕಷ್ಟ.

ಇಲ್ಲಿ ಅವ್ವನ ಕೈಕೆಲಸ ನೋಡಬೇಕಾಯಿತು. ಆಕೆ ದಿನಾ ಎಣ್ಣೆ ಹಚ್ಚಿ, ಮಗನ ಮಣಿಕಟ್ಟು ಹಿಂದಕ್ಕೆ ಬಗ್ಗಿಸಿ, ಬೆರಳನ್ನೆಲ್ಲ ನೆಟ್ಟಗೆ ಎಳೆಯುತ್ತಿದ್ದರು. ಪ್ರೀತಿಯ ಕೆಲಸವೇ, ಆದರೆ ಸಿ6 ಪೆಟ್ಟಿನವರಿಗೆ ಇದು ಹಾನಿ. ಮಣಿಕಟ್ಟು ಮೇಲೆತ್ತಿದಾಗ ಬೆರಳಿನ ಸ್ನಾಯುರಜ್ಜು ಬಿಗಿದು ಬೆರಳು ತಾನಾಗಿ ಮಡಚುತ್ತದೆ. ಆ ಹಿಡಿತದಿಂದಲೇ ಲೋಟ, ಪೆನ್ನು ಎತ್ತಬಹುದು. ಎಳೆದೆಳೆದು ರಜ್ಜು ಸಡಿಲವಾದರೆ ಅದೂ ಹೋಗುತ್ತದೆ. ಮಣಿಕಟ್ಟು ಹಿಂದಕ್ಕಿದ್ದಾಗ ಬೆರಳು ಮಡಚಿರಲಿ, ಕೆಳಗೆ ಬಿಟ್ಟಾಗ ಮಾತ್ರ ಬೆರಳು ಬಿಡಿಸಿ ಎಂದು ಫಿಸಿಯೋಥೆರಪಿಸ್ಟ್ ಆಕೆಯ ಕೈ ಹಿಡಿದೇ ತೋರಿಸಿದರು. ಅಂದೇ ಮಲ್ಲೇಶ ಖಾಲಿ ಸ್ಟೀಲ್ ಲೋಟ ಎತ್ತಿದ. ಎಣ್ಣೆ ಬಿಸಿಯಿದ್ದರೆ ಮೊದಲು ತಮ್ಮ ಮೊಣಕೈಗೆ ಹಚ್ಚಿ ನೋಡಬೇಕು, ಅವನಿಗೆ ಸುಟ್ಟದ್ದು ತಿಳಿಯುವುದಿಲ್ಲ.

ಹಾಸಿಗೆಯಲ್ಲಿ 2 ತಾಸಿಗೊಮ್ಮೆ ಮಗ್ಗಲು. ಗಾಲಿಕುರ್ಚಿಯಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕೆ ಬಾಗಿ ಎರಡು ನಿಮಿಷ. ಬಾಲಮೂಳೆ, ಹಿಮ್ಮಡಿಗಳಲ್ಲಿ ಕೆಂಪಾಗಿ ಅರ್ಧ ತಾಸಾದರೂ ಮಾಯದಿದ್ದರೆ ಅಲ್ಲಿ ಭಾರ ಬೀಳಬಾರದು. ಮೂತ್ರ ತೆಗೆಯುವ ನಳಿಕೆ (ಕ್ಯಾತಿಟರ್) ಹಾಕುವ ತೊಂದರೆ ಬೇಡವೆಂದು ನೀರು ಕುಡಿಯುವುದನ್ನೇ ಬಿಟ್ಟಿದ್ದ. ಮೂತ್ರದ ಸೋಂಕು ಮರುಕಳಿಸಲು ಅದೂ ಕಾರಣ. 4ರಿಂದ 6 ತಾಸಿಗೊಮ್ಮೆ ಮೂತ್ರ ತೆಗೆಯಬೇಕು, ಒಂದು ಸಲಕ್ಕೆ 500 ಮಿಲಿ ಮೀರುತ್ತಿದ್ದರೆ ಅಂತರ ಕಡಿಮೆ ಮಾಡಬೇಕು. ಇದ್ದಕ್ಕಿದ್ದಂತೆ ತಲೆ ಸಿಡಿದು, ಮುಖ ಕೆಂಪಾಗಿ ಬೆವರಿದರೆ ಬಿಪಿ ಏರಿದೆ ಎಂದೇ ತಿಳಿದು ಕೂಡಲೇ ನೆಟ್ಟಗೆ ಕೂರಿಸಿ, ಬಟ್ಟೆ ಸಡಿಲಿಸಿ, ಮೂತ್ರ ಕಟ್ಟಿದೆಯೇ ನೋಡಬೇಕು. ಕಡಿಮೆಯಾಗದಿದ್ದರೆ 108.

ತಂದೆ ಮಧ್ಯವರ್ತಿಗೆ ಸಿಟಿಆರ್‌ಐ ಸಂಖ್ಯೆ ಕೇಳಿದರು. ವಾಟ್ಸಾಪಿಗೆ ಬಂದದ್ದು ಜಾಹೀರಾತಿನ ಫೋಟೊ. ಹೊಲದ ಮಾತುಕತೆಯನ್ನು ಸುಗ್ಗಿ ಮುಗಿಯುವವರೆಗೆ ಮುಂದೂಡಿದ್ದಾರೆ, ಪೂರ್ತಿ ಬಿಟ್ಟಿಲ್ಲ. ಔಷಧ ಶುರುವಾಗಿ ಮಲ್ಲೇಶನ ಖಿನ್ನತೆಯ ಅಂಕ 9ಕ್ಕಿಳಿದಿದೆ. ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರವನ್ನು ಫೋನಿನಲ್ಲಿ ನೋಡಿ ಅಪ್ಪನಿಗೆ ಹೇಳುವುದು ಈಗ ಅವನ ಕೆಲಸ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿದ್ದಾರೆ. ಮುಂದಿನ ಭೇಟಿಗೆ ಹೊಸ ಏಷಿಯಾ ಪರೀಕ್ಷೆಯ ವರದಿ ಮತ್ತು ಒಂದು ವಾರದ ನೀರು, ಮೂತ್ರದ ಲೆಕ್ಕ ಬರೆದ ಪುಸ್ತಕ ತರಲು ಹೇಳಿದ್ದೇವೆ.