ಓದುಗರ ಪ್ರಶ್ನೆ: ಅಮೆರಿಕದ ಸಬರ್ಬು, ಮಾಲು ಮತ್ತೆ ಎಣ್ಣೆ ಲೈಸೆನ್ಸು

ಹೋದ ಸಂಚಿಕೇಲಿ ಅಮೆರಿಕದ ಸಬರ್ಬುಗಳಲ್ಲಿ (ದೊಡ್ಡ ನಗರದ ಪಕ್ಕದ ಊರುಗಳಲ್ಲಿ) ಅಂಗಡಿ ಮುಂಗಟ್ಟು ಹೆಂಗೆ ಬೆಳೀತವೆ ಅಂತ ಬರೆದಿದ್ದೆ, ಅದರಲ್ಲಿ ಎಣ್ಣೆ ಲೈಸೆನ್ಸಿನ ವಿಷಯ ಒಂದೇ ಒಂದು ವಾಕ್ಯ ಇತ್ತು, ಬಂದಿರೋ ಪ್ರಶ್ನೆಗಳೆಲ್ಲ ಆ ವಾಕ್ಯದ ಮೇಲೇ! ಹಂಗಾಗಿ ಈ ಸಲ ಪೂರ್ತಿ ಅದೇ. ಕುಡಿಯೋದು ಸರಿನಾ ತಪ್ಪಾ ಅಂತ ಕೇಳಿದವರಿಗೆ ಇಲ್ಲಿ ಉತ್ತರ ಸಿಗಲ್ಲ, ಅದು ನಿಮ್ಮ ನಿಮ್ಮ ಮನೆ ವಿಚಾರ.

ಪ್ರಶ್ನೆ: ಡಲ್ಲಾಸ್ ಪಕ್ಕದ ಸಬರ್ಬಿಗೆ ಹೊಸದಾಗಿ ಬಂದಿದ್ದೀವಿ. ಸೂಪರ್‌ಮಾರ್ಕೆಟ್ಟಲ್ಲಿ ಬಿಯರ್ ಇದೆ, ವೈನಂತೂ ಸಾಲು ಸಾಲು ಜೋಡಿಸಿಟ್ಟಿದ್ದಾರೆ, ವಿಸ್ಕಿ ಮಾತ್ರ ಒಂದು ಬಾಟ್ಲಿನೂ ಇಲ್ಲ. ವಾಲ್‌ಮಾರ್ಟಲ್ಲೂ ಇಲ್ಲ. ಹುಡುಕ್ಕೊಂಡು ಪಕ್ಕದ ಊರಿಗೆ ಹೋದ್ರೆ ಭಾನುವಾರ ಅಂತ ಬೀಗ. ಇಷ್ಟು ದೊಡ್ಡ ದೇಶಕ್ಕೆ ಒಂದು ರೂಲ್ ಅಂತ ಇಲ್ವಾ ಸರ್? (ಓದುಗರು, ಟೆಕ್ಸಾಸ್)

ಇಲ್ಲ, ಬೇಕಂತಲೇ ಇಟ್ಟಿಲ್ಲ. ಒಂದೇ ರೂಲ್ ಇದ್ದ ಕಾಲ ಒಂದಿತ್ತು, 1920ರಿಂದ ಇಡೀ ದೇಶಕ್ಕೆ ಪಾನನಿಷೇಧ, ಅದರ ಕಥೆ ಏನಾಯ್ತು ಅಂತ ಎಲ್ಲರಿಗೂ ಗೊತ್ತು. 1933ರ ಡಿಸೆಂಬರ್‌ನಲ್ಲಿ ಸಂವಿಧಾನದ 21ನೇ ತಿದ್ದುಪಡಿ ಬಂದು ನಿಷೇಧ ಹೋಯ್ತು, ಆದ್ರೆ ಅದೇ ತಿದ್ದುಪಡಿ ಎಣ್ಣೆ ವಿಷಯದಲ್ಲಿ ಅಧಿಕಾರನ ರಾಜ್ಯಗಳ ಕೈಗೆ ಕೊಟ್ಟುಬಿಡ್ತು. ಟೆಕ್ಸಾಸ್ ಅದನ್ನ ಇನ್ನೂ ಕೆಳಗೆ ಇಳಿಸಿ ಊರಿನವರೇ ಓಟು ಹಾಕಿ ತೀರ್ಮಾನ ಮಾಡ್ಕೊಳ್ಳಿ ಅಂತು, ಇದಕ್ಕೆ ಲೋಕಲ್ ಆಪ್ಷನ್ ಅಂತಾರೆ. ಓಟು ಇಡೀ ಕೌಂಟಿಗೆ (ನಮ್ಮ ಜಿಲ್ಲೆ ಥರ) ಆಗಬಹುದು, ಸಿಟಿಗೆ ಆಗಬಹುದು, ಪ್ರಿಸಿಂಕ್ಟ್ ಅನ್ನೋ ಕೌಂಟಿಯ ಒಂದು ಭಾಗಕ್ಕೂ ಆಗಬಹುದು. ಎಣ್ಣೆ ಇದ್ರೆ 'ವೆಟ್', ಇಲ್ದಿದ್ರೆ 'ಡ್ರೈ', ಮಧ್ಯದಲ್ಲಿ ನಿಮ್ಮ ಊರಿನ ಥರ ಬಿಯರ್ ವೈನಿಗೆ ಮಾತ್ರ ಹೂಂ ಅಂದಿರೋ ಅರ್ಧಂಬರ್ಧ ಊರುಗಳು. ಇನ್ನೊಂದು ತಮಾಷೆ ಅಂದ್ರೆ ಊರು ಬೆಳೆದು ಗಡಿ ಬದಲಾದ್ರೂ ಹಳೇ ಓಟಿನ ಗಡಿ ಅಲ್ಲೇ ಉಳ್ಕೊಳ್ಳುತ್ತೆ, ಯಾವುದೋ ತಾತನ ಕಾಲದಲ್ಲಿ ಹಾಕಿದ ಓಟು ಇವತ್ತಿನ ಆರು ಲೇನ್ ರಸ್ತೆಯ ಈ ಕಡೆಗೊಂದು ಕಾನೂನು ಆ ಕಡೆಗೊಂದು ಕಾನೂನು ಮಾಡಿಟ್ಟಿರುತ್ತೆ. ಡಲ್ಲಾಸ್ ಸಿಟಿನೇ ಹಂಗಿತ್ತು, 2010ರ ನವೆಂಬರ್‌ನಲ್ಲಿ ಓಟು ಹಾಕಿದ ಮೇಲೆ ಬಿಯರ್ ವೈನ್ ಊರಿಗೆಲ್ಲ ಒಂದೇ ಆಯ್ತು.

ಇನ್ನು ವಾಲ್‌ಮಾರ್ಟ್ ಕಥೆ ಬೇರೆ, ಅದಕ್ಕೂ ಓಟಿಗೂ ಸಂಬಂಧ ಇಲ್ಲ. ವಿಸ್ಕಿ ರಮ್ ಮಾರೋ ಅಂಗಡಿಗೆ ಟೆಕ್ಸಾಸಲ್ಲಿ ಪ್ಯಾಕೇಜ್ ಸ್ಟೋರ್ ಅಂತ ಪರ್ಮಿಟ್ ಬೇಕು, ಷೇರು ಮಾರ್ಕೆಟ್ಟಲ್ಲಿ ಲಿಸ್ಟ್ ಆಗಿರೋ ಕಂಪನಿಗೆ ಅದನ್ನ ಕೊಡಲ್ಲ, 1995ರಿಂದ ಹಂಗೇ. ವಾಲ್‌ಮಾರ್ಟ್ 2015ರಲ್ಲಿ ಕೋರ್ಟಿಗೆ ಹೋಯ್ತು, 2018ರಲ್ಲಿ ಕೆಳಗಿನ ಕೋರ್ಟಲ್ಲಿ ಗೆದ್ದಿತು, 2019ರಲ್ಲಿ ಅಪೀಲ್ ಕೋರ್ಟು ಆ ತೀರ್ಪನ್ನ ತೆಗೆದುಹಾಕ್ತು, 2020ರ ಕೊನೆಗೆ ಸುಪ್ರೀಂ ಕೋರ್ಟು ಕೇಸ್ ಕೈಗೆತ್ತಿಕೊಳ್ಳಲಿಲ್ಲ. ಒಬ್ಬ ಮಾಲೀಕನಿಗೆ ಐದೇ ಪರ್ಮಿಟ್ ಅನ್ನೋ ಮಿತಿನೂ ಇತ್ತು (2019ರಲ್ಲಿ ಅದು 250ಕ್ಕೆ ಏರ್ತು), ಆದ್ರೆ ಅಪ್ಪ ಮಕ್ಕಳು ಸೇರಿದ್ರೆ ಲೆಕ್ಕ ಬೇರೆ, ಒಬ್ಬೊಬ್ಬರ ಹೆಸರಲ್ಲಿ ತಗೊಂಡ ಪರ್ಮಿಟ್‌ಗಳನ್ನ ಒಂದು ಮಾಡ್ಕೋಬಹುದಿತ್ತು! ಮಕ್ಕಳಿದ್ದೋರಿಗೆ ಚೈನ್ ಅಂಗಡಿ, ಇಲ್ದೋರಿಗೆ ಐದು. ಇದನ್ನ ನೀತಿ ಧರ್ಮ ಅಂತ ಕರೆಯೋಕೆ ನನಗಂತೂ ಬಾಯಿ ಬರಲ್ಲ, ಮೊದಲೇ ವ್ಯಾಪಾರದಲ್ಲಿ ಇದ್ದೋರಿಗೆ ಹಾಕಿದ ಬೇಲಿ ಅಷ್ಟೇ.

ಭಾನುವಾರದ ಬೀಗ ಹಳೇ ಕಾಲದ ಚರ್ಚ್ ದಿನದ ಕಾನೂನು. ವಿಸ್ಕಿ ಅಂಗಡಿ ಬಾಕಿ ದಿನ ಬೆಳಗ್ಗೆ 10ರಿಂದ ರಾತ್ರಿ 9, ಭಾನುವಾರ ಪೂರ್ತಿ ಬಂದ್. ಬಿಯರ್ ವೈನ್ ಭಾನುವಾರ ಮಧ್ಯಾಹ್ನ 12ಕ್ಕೆ ಶುರು ಆಗ್ತಿತ್ತು, 2021ರ ಸೆಪ್ಟೆಂಬರಿಂದ ಬೆಳಗ್ಗೆ 10ಕ್ಕೇ ಕೊಡ್ತಾರೆ. ಶನಿವಾರವೇ ತಂದಿಟ್ಕೊಳ್ಳಿ.

ಪ್ರಶ್ನೆ: ನಮ್ಮ ನ್ಯೂಜೆರ್ಸಿ ಸಬರ್ಬಲ್ಲಿ ಎಷ್ಟು ಚೆನ್ನಾಗಿರೋ ರೆಸ್ಟೊರೆಂಟ್ ಆದ್ರೂ ವೈನ್ ಬೇಕಂದ್ರೆ ನೀವೇ ತನ್ನಿ ಅಂತಾರೆ. ಬಾಟ್ಲಿ ಬ್ಯಾಗಲ್ಲಿ ಹಾಕ್ಕೊಂಡು ಊಟಕ್ಕೆ ಹೋಗೋಕೆ ನಮ್ಮವರಿಗೆ ಮುಜುಗರ. ಲೈಸೆನ್ಸ್ ತಗೊಳ್ಳೋಕೆ ಇವರಿಗೇನು ಕಷ್ಟ? (ಓದುಗರು, ನ್ಯೂಜೆರ್ಸಿ)

ಕಷ್ಟ ಏನಂದ್ರೆ ಲೈಸೆನ್ಸೇ ಇಲ್ಲ! ನ್ಯೂಜೆರ್ಸಿಯಲ್ಲಿ ಜನಸಂಖ್ಯೆ ಲೆಕ್ಕ: ಊರಲ್ಲಿ 3,000 ಜನಕ್ಕೆ ಒಂದು ಬಾರ್ ಅಥವಾ ರೆಸ್ಟೊರೆಂಟ್ ಲೈಸೆನ್ಸು, 7,500 ಜನಕ್ಕೆ ಒಂದು ಬಾಟ್ಲಿ ಅಂಗಡಿ ಲೈಸೆನ್ಸು. ಹೊಸ ಲೈಸೆನ್ಸ್ ಬರಬೇಕಂದ್ರೆ ಊರಿನ ಜನಸಂಖ್ಯೆ ಏರಬೇಕು. ಇಲ್ಲಾಂದ್ರೆ ಇರೋರ ಹತ್ರ ಕೊಂಡ್ಕೋಬೇಕು, ಸಿಗದೇ ಇರೋ ವಸ್ತು ಅಂದಮೇಲೆ ರೇಟು ಗಗನಕ್ಕೆ. ಒಂದು ಲೈಸೆನ್ಸಿಗೆ ಲಕ್ಷಗಟ್ಟಲೆ ಡಾಲರ್ ಕೊಟ್ಟೋನು ಅದನ್ನ ಆಸ್ತಿ ಥರ ನೋಡ್ತಾನೆ, ನಾಳೆ ಸರ್ಕಾರ ಲೈಸೆನ್ಸ್ ಜಾಸ್ತಿ ಮಾಡ್ತೀವಿ ಅಂದ್ರೆ ಮೊದಲು ಬೀದಿಗೆ ಇಳಿಯೋನೂ ಅವನೇ, ಪಾಪ ಅವನ ಕಡೆಯಿಂದ ನೋಡಿದ್ರೆ ಅದೂ ಸರಿನೇ.

ಈಗ ಇದನ್ನ ಮಾಲಿನ ಕಣ್ಣಿಂದ ನೋಡಿ. ಲೆಕ್ಕ ನಡೆಯೋದು ಊರಿನ ಜನಸಂಖ್ಯೆ ಮೇಲೆ, ಮಾಲಿಗೆ ಬರೋದು ಸುತ್ತಮುತ್ತಲ ಹತ್ತಾರು ಊರಿನ ಜನ. ಬಟ್ಟೆ, ಪುಸ್ತಕ, ಎಲೆಕ್ಟ್ರಾನಿಕ್ಸ್ ಎಲ್ಲ ಆನ್‌ಲೈನಿಗೆ ಹೋದಮೇಲೆ ಮಾಲಿನವರು ಖಾಲಿ ಜಾಗಕ್ಕೆ ರೆಸ್ಟೊರೆಂಟ್ ಕರೀತಾರೆ, ಆದ್ರೆ ದೊಡ್ಡ ಚೈನ್ ರೆಸ್ಟೊರೆಂಟುಗಳು ಲಾಭ ನೋಡೋದು ಊಟಕ್ಕಿಂತ ಗ್ಲಾಸಲ್ಲಿ, ಲೈಸೆನ್ಸ್ ಇಲ್ದಿರೋ ಜಾಗಕ್ಕೆ ಅವರು ಸುಲಭಕ್ಕೆ ಸೈನ್ ಹಾಕಲ್ಲ. ಇದಕ್ಕೆ ಒಳ್ಳೇ ಉದಾಹರಣೆ ನಿಮ್ಮ ನ್ಯೂಜೆರ್ಸಿಯದೇ, ಫಿಲಡೆಲ್ಫಿಯಾ ಪಕ್ಕದ ಮೂರ್ಸ್‌ಟೌನ್. 1915ರಿಂದ ಡ್ರೈ ಊರು, ಒಳಗೊಂದು ದೊಡ್ಡ ಮಾಲು, ಸ್ವಲ್ಪ ದೂರದಲ್ಲೇ ಚೆರ್ರಿ ಹಿಲ್ ಅನ್ನೋ ಇನ್ನೊಂದು ಮಾಲು, ಅಲ್ಲಿ ಎಣ್ಣೆಗೆ ತೊಂದ್ರೆ ಇಲ್ಲ. 2011ರಲ್ಲಿ ಮೂರ್ಸ್‌ಟೌನ್ ಜನ ಓಟು ಹಾಕಿದ್ರು, ಏನಂತ ಗೊತ್ತಾ, ಎಣ್ಣೆ ಮಾರಬಹುದು, ಆದ್ರೆ ಮಾಲಲ್ಲಿ ಮಾತ್ರ, ಊರಿನ ಮೇನ್ ಸ್ಟ್ರೀಟಲ್ಲಿ ಬೇಡ! ಮಾಲಿನ ಟ್ಯಾಕ್ಸ್ ದುಡ್ಡು ಬೇಕು, ಮನೆ ಪಕ್ಕ ಬಾರ್ ಬೇಡ. ಇದನ್ನ ಆಷಾಢಭೂತಿತನ ಅಂತ ನಗೋರು ಇದ್ದಾರೆ, ನನಗೆ ಮಾತ್ರ ಇದು ಆ ಊರಿನವರು ತಮಗೆ ಬೇಕಾದ್ದನ್ನ ಕರೆಕ್ಟಾಗಿ ಹೇಳ್ಕೊಂಡ ಹಾಗೆ ಕಾಣುತ್ತೆ. 2024ರ ಜನವರಿಯಲ್ಲಿ ರಾಜ್ಯದವರೂ ಇದೇ ದಾರಿ ಹಿಡಿದು, ದೊಡ್ಡ ಮಾಲುಗಳ ಒಳಗಿನ ರೆಸ್ಟೊರೆಂಟಿಗೆ ಜನಸಂಖ್ಯೆ ಲೆಕ್ಕದ ಆಚೆಗೂ ಒಂದಷ್ಟು ಲೈಸೆನ್ಸ್ ಕೊಡೋ ಕಾನೂನು ತಂದ್ರು.

ಸೂಪರ್‌ಮಾರ್ಕೆಟ್ಟಲ್ಲಿ ವೈನ್ ಯಾಕಿಲ್ಲ ಅನ್ನೋದನ್ನೂ ಇಲ್ಲೇ ಹೇಳಿಬಿಡ್ತೀನಿ: ಒಬ್ಬ ಮಾಲೀಕನಿಗೆ ಬಾಟ್ಲಿ ಅಂಗಡಿ ಲೈಸೆನ್ಸು ಇಡೀ ರಾಜ್ಯದಲ್ಲಿ ಎರಡೇ, ಹಂಗಾಗಿ ಒಂದೇ ಚೈನಿನ ಒಂದು ಅಂಗಡೀಲಿ ಇರುತ್ತೆ, ಇನ್ನೊಂದರಲ್ಲಿ ಇರಲ್ಲ.

ಮುಜುಗರ ಬೇಡ ಅಂತ ನಿಮ್ಮವರಿಗೆ ಹೇಳಿ, ಎಲ್ಲರೂ ತರ್ತಾರೆ. ವೈನ್ ಬಿಯರ್ ಅಷ್ಟೇ ತರಬಹುದು, ವಿಸ್ಕಿ ತರೋ ಹಾಗಿಲ್ಲ, ಬಾಟ್ಲಿ ತಂದಿದ್ದಕ್ಕೆ ಅಂತ ರೆಸ್ಟೊರೆಂಟಿನವರು ದುಡ್ಡು ತಗೊಳ್ಳೋ ಹಾಗೂ ಇಲ್ಲ, ಬಿಲ್ಲಲ್ಲಿ ಹಾಕಿದ್ರೆ ಕೇಳಿ.

ಪ್ರಶ್ನೆ: ಪೆನ್ಸಿಲ್ವೇನಿಯಾದಲ್ಲಿ ಸೂಪರ್‌ಮಾರ್ಕೆಟ್ ಒಳಗೇ ಒಂದು ಮೂಲೆಗೆ ಟೇಬಲ್ ಕುರ್ಚಿ ಹಾಕಿ, ಬಿಯರ್ ವೈನಿಗೆ ಬೇರೆ ಕೌಂಟರ್ ಇಟ್ಟಿದ್ದಾರೆ. ಹಾಲು ತರಕಾರಿ ಜೊತೆ ಬಿಲ್ ಮಾಡಿದ್ರೆ ಏನಾಗುತ್ತೆ? (ಓದುಗರು, ಪೆನ್ಸಿಲ್ವೇನಿಯಾ)

ಆ ಕುರ್ಚಿಗಳು ಕೂರೋಕೆ ಅಲ್ಲ, ಲೈಸೆನ್ಸಿಗೆ! ಅಲ್ಲಿ ಸೂಪರ್‌ಮಾರ್ಕೆಟ್ಟಿಗೆ ಅಂತ ಪ್ರತ್ಯೇಕ ಲೈಸೆನ್ಸ್ ಇಲ್ಲ, ಅವರು ತಗೊಂಡಿರೋದು ರೆಸ್ಟೊರೆಂಟ್ ಲೈಸೆನ್ಸು, ಅದಕ್ಕೆ ಕನಿಷ್ಠ 30 ಜನ ಕೂರೋ ಜಾಗ, ತಿನ್ನೋಕೆ ಏನಾದ್ರೂ, ಬೇರೆ ಕೌಂಟರ್ ಎಲ್ಲ ಬೇಕು. ಒಂದು ಸಲಕ್ಕೆ 192 ಔನ್ಸ್ (ಸುಮಾರು 5.7 ಲೀಟರ್) ಬಿಯರ್, ವೈನ್ 3 ಲೀಟರ್ ಅಂದ್ರೆ ನಾಲ್ಕು ಮಾಮೂಲಿ ಬಾಟ್ಲಿ. ಹಿಂಗೆ ವೈನ್ ಮನೆಗೆ ಕೊಡೋಕೆ ಅವಕಾಶ ಆಗಿದ್ದೇ 2016ರ ಕಾನೂನಿಂದ. ವಿಸ್ಕಿ ಬೇಕಂದ್ರೆ ರಾಜ್ಯ ಸರ್ಕಾರದ ಅಂಗಡಿಗೇ ಹೋಗ್ಬೇಕು.

ಪ್ರಶ್ನೆ: ಮಿನಿಯಾಪೊಲಿಸ್ ಸಬರ್ಬು ಈಡೈನಾದಲ್ಲಿ ಎಣ್ಣೆ ಅಂಗಡಿ ಬೋರ್ಡ್ ಮೇಲೆ ಊರಿನ ಹೆಸರೇ ಇದೆ. ಸಿಟಿಯವರೇ ಎಣ್ಣೆ ಮಾರ್ತಾರಾ? (ಓದುಗರು, ಮಿನ್ನೆಸೋಟ)

ಹೌದು, ಅಂಗಡಿ ಸಿಟಿದೇ. ಲಾಭ ಪಾರ್ಕು, ಆಟದ ಮೈದಾನ ಅಂತ ಹೋಗುತ್ತೆ. ಸಿಟಿನೇ ಬಾಟ್ಲಿ ಅಂಗಡಿ ನಡೆಸೋ ಕಡೆ ಖಾಸಗಿಯವರಿಗೆ ಆ ಲೈಸೆನ್ಸ್ ಸಿಗಲ್ಲ. ಭಾನುವಾರ ಬಾಟ್ಲಿ ಅಂಗಡಿ ತೆರೆಯೋಕೆ 2017ರ ಜುಲೈ ತನಕ ಇಡೀ ರಾಜ್ಯದಲ್ಲೇ ಅವಕಾಶ ಇರಲಿಲ್ಲ.

ಪ್ರಶ್ನೆ: ಟೆಕ್ಸಾಸಲ್ಲಿ ಹೊಸ ಸ್ಟ್ರಿಪ್ ಮಾಲಲ್ಲಿ (ರಸ್ತೆ ಬದಿ ಒಂದೇ ಸಾಲಲ್ಲಿ ಇರೋ ಅಂಗಡಿಗಳು) ರೆಸ್ಟೊರೆಂಟ್ ಹಾಕೋ ಯೋಚನೆ ಇದೆ, ನಾನು ಮತ್ತೆ ನನ್ನ ಭಾವ ಸೇರಿ. ಬಾಡಿಗೆ ಕಮ್ಮಿ ಇದೆ. ಅದೇ ಸಾಲಿನಲ್ಲಿ ಒಂದು ಸಣ್ಣ ಚರ್ಚ್ ನಡೀತಿದೆ, ಹಿಂದುಗಡೆ ಸ್ಕೂಲ್. ಲೀಸ್ ಸೈನ್ ಮಾಡ್ಲಾ? (ಓದುಗರು, ಟೆಕ್ಸಾಸ್)

ಇವತ್ತು ಮಾಡ್ಬೇಡಿ. ಬಾಡಿಗೆ ಯಾಕೆ ಕಮ್ಮಿ ಇದೆ ಅನ್ನೋದಕ್ಕೆ ಉತ್ತರ ನಿಮ್ಮ ಪ್ರಶ್ನೇಲೇ ಇರಬಹುದು. ಟೆಕ್ಸಾಸಲ್ಲಿ ಚರ್ಚ್, ಸ್ಕೂಲ್, ಸರ್ಕಾರಿ ಆಸ್ಪತ್ರೆಯಿಂದ 300 ಅಡಿ ಒಳಗೆ ಎಣ್ಣೆ ಮಾರೋದು ಬೇಡ ಅಂತ ಸಿಟಿ ಅಥವಾ ಕೌಂಟಿ ನಿಯಮ ಮಾಡಬಹುದು, ಕೆಲವು ಕಡೆ ಸ್ಕೂಲ್ ಬೋರ್ಡಿನವರು ಕೇಳ್ಕೊಂಡ್ರೆ ಸ್ಕೂಲಿಗೆ ಅದನ್ನ 1,000 ಅಡಿವರೆಗೂ ಎಳೀಬಹುದು. ನಿಮ್ಮ ಊರು ಏನು ಮಾಡಿದೆ ಅಂತ ಸಿಟಿ ಸೆಕ್ರೆಟರಿ ಆಫೀಸಲ್ಲಿ ಕೇಳಿದ್ರೆ ಹೇಳ್ತಾರೆ. ಆಮೇಲೆ ಅಳತೆ, ಸುಮಾರು ಜನ ಎಡವೋದು ಇಲ್ಲೇ, ಎರಡಕ್ಕೂ ಟೇಪ್ ಹಿಡಿಯೋ ರೀತಿ ಬೇರೆ ಬೇರೆ. ಚರ್ಚಿಗೆ ಆದ್ರೆ ಮುಂಬಾಗಿಲಿಂದ ಮುಂಬಾಗಿಲಿಗೆ, ರಸ್ತೆ ಬದಿಯ ಜಾಗದ ಗೆರೆ ಹಿಡ್ಕೊಂಡು ನಡೆದು ಹೋದ ಹಾಗೆ ಅಳೀತಾರೆ. ಸ್ಕೂಲಿಗೆ ಹಂಗಲ್ಲ, ಅವರ ಜಾಗದ ಗಡಿಯಿಂದ ನಿಮ್ಮ ಜಾಗದ ಗಡಿಗೆ ನೇರ ಗೆರೆ. ಅಂದ್ರೆ ಸ್ಕೂಲ್ ಗೇಟು ಸುತ್ತು ಹಾಕಿದ್ರೆ ಅರ್ಧ ಮೈಲಿ ದೂರ ಇದ್ರೂ ಹಿಂದಿನ ಬೇಲಿ ನಿಮ್ಮ ಪಾರ್ಕಿಂಗಿಗೆ ಅಂಟಿದ್ರೆ ಮುಗೀತು. ಸಿಟಿ ಕೌನ್ಸಿಲ್ ಮನಸ್ಸು ಮಾಡಿದ್ರೆ ವಿನಾಯಿತಿ ಕೊಡೋ ಅಧಿಕಾರ ಇದೆ, ಆದ್ರೆ ಅದನ್ನ ನಂಬ್ಕೊಂಡು ಅಡುಗೆಮನೆ ಕಟ್ಟಿಸೋಕೆ ಶುರು ಮಾಡ್ಬೇಡಿ.

ಇನ್ನೂ ಒಂದು ಕಾಗದ ನೋಡ್ಬೇಕು, ಇದು ಸರ್ಕಾರದ್ದಲ್ಲ. ಮಾಲಿನ ದೊಡ್ಡ ಬಾಡಿಗೆದಾರ, ಸಾಮಾನ್ಯವಾಗಿ ಸೂಪರ್‌ಮಾರ್ಕೆಟ್ಟು, ಮಾಲೀಕನ ಹತ್ರ ಮೊದಲೇ ಷರತ್ತು ಬರೆಸ್ಕೊಂಡಿರಬಹುದು, ಈ ಸಾಲಲ್ಲಿ ಇನ್ಯಾರೂ ಎಣ್ಣೆ ಮಾರಬಾರದು ಅಂತಲೋ, ಬಾರ್ ಬರಬಾರದು ಅಂತಲೋ. ಸಿಟಿ ಹೂಂ ಅಂದ್ರೂ ಆ ಷರತ್ತು ನಿಮ್ಮನ್ನ ಹಿಡಿಯುತ್ತೆ. ಲೀಸಲ್ಲಿ ನೀವೂ ಒಂದು ಸಾಲು ಸೇರಿಸಿ: ಎಣ್ಣೆ ಪರ್ಮಿಟ್ ಸಿಗದಿದ್ರೆ ಲೀಸ್ ರದ್ದು, ಅಡ್ವಾನ್ಸ್ ವಾಪಸ್. ಮಾಲೀಕ ಅದಕ್ಕೆ ಒಪ್ಪದೇ ಹೋದ್ರೆ ಅವನಿಗೆ ಏನೋ ಗೊತ್ತಿದೆ ಅಂತ ಲೆಕ್ಕ. ಲಾಯರ್ ಫೀಸಲ್ಲಿ ಉಳಿತಾಯ ಮಾಡೋಕೆ ಹೋಗ್ಬೇಡಿ, ಭಾವನ ಜೊತೆ ವ್ಯಾಪಾರ ಬೇರೆ.

ಪ್ರಶ್ನೆ: ಅಪ್ಪಂಗೆ 68, ತಲೆಯೆಲ್ಲ ಬೆಳ್ಳಗಿದೆ. ಅವರ ಹತ್ರನೂ ಐಡಿ ಕೇಳಿದ್ರು, ಸಿಟ್ಟು ಮಾಡ್ಕೊಂಡು ವಾಪಸ್ ಬಂದ್ರು. (ಓದುಗರು, ಟೆನ್ನೆಸ್ಸೀ)

ಖುಷಿ ಪಡ್ಬೇಕಿತ್ತು! 21 ಆಗಿರಬೇಕು ಅನ್ನೋದು ದೇಶಕ್ಕೆಲ್ಲ ಒಂದೇ, ಅದೂ ನೇರ ಕಾನೂನಿಂದ ಬಂದಿದ್ದಲ್ಲ, ವಯಸ್ಸು ಏರಿಸದ ರಾಜ್ಯಕ್ಕೆ ಹೈವೇ ದುಡ್ಡು ಕಡಿತ ಅಂತ 1984ರಲ್ಲಿ ಕೇಂದ್ರದವರು ಹೆದರಿಸಿ ಮಾಡಿಸಿದ್ದು. ಯಾರೇ ಬಂದ್ರೂ ಐಡಿ ನೋಡು ಅಂತ ಇದ್ದ ಕಡೆ ಕೌಂಟರಿನ ಹುಡುಗ ಮುಖ ನೋಡಿ ಬಿಟ್ರೆ ಅವನ ಕೆಲಸಕ್ಕೇ ಸಂಚಕಾರ. ಪಾಸ್‌ಪೋರ್ಟ್ ಜೇಬಲ್ಲಿ ಇರಲಿ.

ಪ್ರಶ್ನೆ: ನಮ್ಮ ಸಬರ್ಬಲ್ಲಿ ಎಣ್ಣೆಗೆ ಅವಕಾಶ ಕೊಡ್ಬೇಕಾ ಅಂತ ಓಟು ಬರ್ತಿದೆ. ಸೂಪರ್‌ಮಾರ್ಕೆಟ್ ಮುಂದೆ ಪಿಟಿಷನ್ನಿಗೆ ಸೈನ್ ಹಾಕಿ ಅಂತ ಹುಡುಗರು ನಿಂತಿರ್ತಾರೆ. ಮಕ್ಕಳಿರೋ ಮನೆ, ನನಗೆ ಭಯ. ಆದ್ರೆ ಒಳ್ಳೇ ಅಂಗಡಿ, ರೆಸ್ಟೊರೆಂಟ್ ಎಲ್ಲ ಪಕ್ಕದ ಊರಿಗೇ ಹೋಗ್ತಿವೆ ಅಂತಾರೆ. ಏನು ಮಾಡ್ಲಿ? (ಓದುಗರು, ಟೆಕ್ಸಾಸ್)

ಮೊದಲು, ಸೈನ್ ಹಾಕೋಕೆ ನೀವು ಅಲ್ಲಿ ರಿಜಿಸ್ಟರ್ ಆದ ಓಟುದಾರರಾಗಿರಬೇಕು, ಅಂದ್ರೆ ಸಿಟಿಜನ್. ಹೆಚ್-1ಬಿ, ಗ್ರೀನ್ ಕಾರ್ಡ್ ಇರೋರು ಮುಲಾಜಿಗೆ ಬಿದ್ದು ಸೈನ್ ಹಾಕ್ಬೇಡಿ. ಪಿಟಿಷನ್ ಸಣ್ಣ ಕೆಲಸ ಅಲ್ಲ, ಓಟು ನಡೀಬೇಕಂದ್ರೆ ಸಾಮಾನ್ಯವಾಗಿ ಹಿಂದಿನ ಗವರ್ನರ್ ಚುನಾವಣೇಲಿ ಓಟು ಹಾಕಿದವರ ಲೆಕ್ಕದಲ್ಲಿ ಶೇಕಡ 35ರಷ್ಟು ಸೈನು 60 ದಿನದಲ್ಲಿ ಆಗ್ಬೇಕು, ಅದಕ್ಕೇ ದುಡ್ಡು ಕೊಟ್ಟು ಜನ ನಿಲ್ಲಿಸೋದು. ದುಡ್ಡು ಯಾರದು ಅಂತ ವಿಚಾರಿಸಿ. ಪರ ಇರೋರಲ್ಲಿ ಸೂಪರ್‌ಮಾರ್ಕೆಟ್ಟು, ಜಾಗದ ಮಾಲೀಕರು ಇರ್ತಾರೆ, ವಿರೋಧ ಇರೋರಲ್ಲಿ ಚರ್ಚಿನವರಷ್ಟೇ ಅಲ್ಲ, ಊರ ಗಡಿ ದಾಟಿದ ತಕ್ಷಣ ಅಂಗಡಿ ಇಟ್ಕೊಂಡಿರೋ ಎಣ್ಣೆ ವ್ಯಾಪಾರಿಗಳೂ ಇರಬಹುದು, ಊರು ಡ್ರೈ ಇದ್ದಷ್ಟು ದಿನ ಅವರಿಗೆ ಹಬ್ಬ.

ವ್ಯಾಪಾರ ಪಕ್ಕದ ಊರಿಗೆ ಹೋಗುತ್ತೆ ಅನ್ನೋದು ಸುಳ್ಳಲ್ಲ. ಡಲ್ಲಾಸ್ ಉತ್ತರಕ್ಕೆ ಆಡಿಸನ್ ಅನ್ನೋ ಪುಟ್ಟ ಊರು, ಬರೀ 4.4 ಚದರ ಮೈಲಿ, 1970ರ ದಶಕದ ಮಧ್ಯದಲ್ಲಿ ರೆಸ್ಟೊರೆಂಟಲ್ಲಿ ಗ್ಲಾಸ್ ಲೆಕ್ಕದಲ್ಲಿ ಎಣ್ಣೆ ಕೊಡಬಹುದು ಅಂತ ಓಟು ಹಾಕ್ತು, ಸುತ್ತಲ ಊರುಗಳು ಇನ್ನೂ ಬೇಡ ಬೇಡ ಅಂತಿದ್ವು, ಬೆಲ್ಟ್‌ಲೈನ್ ರೋಡಿನ ಉದ್ದಕ್ಕೂ ರೆಸ್ಟೊರೆಂಟುಗಳು ಬಂದು ಕೂತ್ವು. ನಿಮ್ಮ ಭಯ ಬಾರ್ ಬಗ್ಗೆ ಅಂದ್ರೆ ಇಲಿನಾಯಲ್ಲಿ ಶಿಕಾಗೋ ಪಕ್ಕದ ಇವಾನ್‌ಸ್ಟನ್ ನೋಡಿ, ಯೂನಿವರ್ಸಿಟಿಯ ಸುತ್ತ ನಾಲ್ಕು ಮೈಲಿ ಎಣ್ಣೆ ಕೂಡದು ಅಂತ 1855ರಲ್ಲೇ ಬರೆದಿಟ್ಟ ಊರು, 1972ರಲ್ಲಿ ಅವಕಾಶ ಕೊಟ್ಟಾಗಲೂ ಹೋಟೆಲ್ಲು ರೆಸ್ಟೊರೆಂಟಿಗೆ ಮಾತ್ರ ಕೊಡ್ತು. ಒಂದೇ ಏಟಿಗೆ ಎಲ್ಲ ತೆರೀಬೇಕು ಅಂತೇನಿಲ್ಲ.

ಟೆಕ್ಸಾಸಿನ ಬ್ಯಾಲಟ್ಟಲ್ಲೂ ಹಂಗೇ ಬೇರೆ ಬೇರೆ ವಾಕ್ಯ ಇರುತ್ತೆ. ಬಿಯರ್ ವೈನ್ ಬಾಟ್ಲಿ ಮನೆಗೆ ಒಯ್ಯೋಕೆ ಮಾತ್ರ ಅನ್ನೋದು ಒಂದು, ಊಟ ಕೊಡೋ ರೆಸ್ಟೊರೆಂಟಲ್ಲಿ ಗ್ಲಾಸ್ ಲೆಕ್ಕದಲ್ಲಿ ಅನ್ನೋದು ಇನ್ನೊಂದು, ಎಲ್ಲಾ ಥರದ ಎಣ್ಣೆಗೂ ಅನ್ನೋದು ಮತ್ತೊಂದು, ಬಾರ್ ಬರೋದು ಈ ಕೊನೇದರಲ್ಲಿ. ಪಿಟಿಷನ್ ಹಿಡ್ಕೊಂಡು ನಿಂತ ಹುಡುಗನಿಗೆ ಈ ವ್ಯತ್ಯಾಸ ಗೊತ್ತಿರೋದು ಡೌಟು. ಕೌಂಟಿ ಎಲೆಕ್ಷನ್ ಆಫೀಸಿನವರು ಸ್ಯಾಂಪಲ್ ಬ್ಯಾಲಟ್ ಹಾಕಿರ್ತಾರೆ, ನಿಮ್ಮ ಊರಲ್ಲಿ ಕೇಳ್ತಿರೋದು ಮೂರರಲ್ಲಿ ಯಾವುದು ಅಂತ ನೋಡಿ. ನಾನಾಗಿದ್ರೆ ಮೊದಲೆರಡಕ್ಕೆ ಹೂಂ ಅಂತೀನಿ, ಮೂರನೇದು ಬಂದ್ರೆ ಬಾರಿಗೆ ಸಿಟಿಯವರು ಯಾವ ರಸ್ತೆ ತೋರಿಸ್ತಾರೆ ಅಂತ ಕೌನ್ಸಿಲ್ ಮೀಟಿಂಗಿಗೆ ಹೋಗಿ ಕೇಳ್ಕೊಂಡು ಬರ್ತೀನಿ.